ದಯವಿಟ್ಟು ನಮ್ಮ ತಂಡವನ್ನು ಹೊಗಳಬೇಡಿ

ಕ್ರೀಡಾ ವರದಿಗಾರರು, ಟೀವಿ ಸ್ಟುಡಿಯೋದಲ್ಲಿ ಕೂತು ಪರದೆ ಮೇಲೆ ಬಾಣ ಎಳೆಯುವ ಮಾಜಿ ಆಟಗಾರರು, ಸೋಮವಾರ ಬೆಳಿಗ್ಗೆ ಉದ್ದುದ್ದ ಅಂಕಣ ಬರೆಯುವವರು, ನಿಮ್ಮೆಲ್ಲರ ಮೇಲೂ ಸೇರಿಸಿ ಒಂದೇ ದೂರು. ನೀವು ನಮ್ಮ ಫುಟ್‌ಬಾಲ್ ತಂಡವನ್ನು ಹೊಗಳಿದ್ದೀರಿ. ನಿಮಗೆ ಯಾರು ಹೇಳಿದ್ದು?

ನಮ್ಮದು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ತಂಡ. ಆ ಸುಖ ದೊಡ್ಡ ತಂಡದವರಿಗೆ ಅರ್ಥವಾಗಲ್ಲ. ಸೋತರೆ "ನಮ್ಮ ಬಜೆಟ್ಟೇ ಅಷ್ಟು, ಇನ್ನೇನು ಮಾಡ್ತಾರೆ ಪಾಪ" ಅನ್ನಬಹುದು. ಗೆದ್ದರೆ "ನೋಡಿ, ಇದನ್ನು ಮಾತ್ರ ಒಬ್ಬನೂ ಬರೆಯಲ್ಲ" ಅನ್ನಬಹುದು. ಡ್ರಾ ಆದರೆ ರೆಫರಿ ಇದ್ದೇ ಇದ್ದಾನೆ. ಏನೇ ಆದರೂ ಕೊನೆಗೆ ನಾವೇ ಸರಿ ಅನ್ನುವಂಥ ಇಷ್ಟು ಚೆಂದದ ಏರ್ಪಾಡನ್ನು, ನಾವು ಎಷ್ಟೋ ವರ್ಷ ಸೋತು ಸೋತು ಕಟ್ಟಿಕೊಂಡಿದ್ದನ್ನು, ನೀವು ಒಂದೇ ಲೇಖನದಲ್ಲಿ ಹಾಳು ಮಾಡಿಬಿಟ್ಟಿರಿ.

ಹೌದು, ನಮ್ಮನ್ನು ಯಾರೂ ಗಮನಿಸ್ತಿಲ್ಲ ಅಂತ ಗಂಟಲು ಹರಿಯುವ ಹಾಗೆ ಕೂಗಿದ್ದು ನಾವೇ. ವಾರದ ಮ್ಯಾಚ್‌ಗಳ ಕಾರ್ಯಕ್ರಮದಲ್ಲಿ ನಮ್ಮ ಆಟ ಎಲ್ಲಕ್ಕಿಂತ ಕೊನೆಗೆ ಬರುತ್ತಿತ್ತು. ಆಂಕರ್ ಆಗಲೇ ಕಾಗದ ಜೋಡಿಸಿಕೊಳ್ಳಲು ಶುರು ಮಾಡಿರುತ್ತಿದ್ದ. ತೋರಿಸಿದ ಎರಡು ನಿಮಿಷದಲ್ಲೂ ಅರ್ಧ ಎದುರಾಳಿ ಕೋಚ್‌ನ ಸಪ್ಪೆ ಮುಖ. ಅದರ ಬಗ್ಗೆ ನಮಗೆ ಸಿಟ್ಟಿತ್ತು. ಸಿಟ್ಟಿತ್ತು ಅಂದಮಾತ್ರಕ್ಕೆ ಅದನ್ನು ಹೋಗಲಾಡಿಸಿ ಅಂತ ನಾವು ಕೇಳಿದ್ವಾ?

ಲೇಖನ ಬಂದ ದಿನ ಏನಾಯಿತು ಕೇಳಿ. ಬೆಳಿಗ್ಗೆ ಎಲ್ಲರಿಗೂ ಖುಷಿಯೋ ಖುಷಿ. ಕೊನೆಗೂ ಕಣ್ಣು ಬಿಟ್ಟರಲ್ಲ ಅಂತ ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದೇ ಕಳಿಸಿಕೊಂಡಿದ್ದು. ಹತ್ತು ನಿಮಿಷ ಆಗಿರಲಿಲ್ಲ, ಮೊದಲ ಸಾಲಿನಲ್ಲೇ 'ಅಚ್ಚರಿಯ ಗೆಲುವಿನ ಓಟ' ಅಂತ ಇರೋದು ಒಬ್ಬರ ಕಣ್ಣಿಗೆ ಬಿತ್ತು. ಯಾರಿಗೆ ಅಚ್ಚರಿ? ನಮಗಂತೂ ಇಲ್ಲ. (ನಮಗೇ ಎಲ್ಲರಿಗಿಂತ ಜಾಸ್ತಿ ಅಚ್ಚರಿಯಾಗಿತ್ತು, ಅದು ಬೇರೆ ವಿಷಯ.) ಇನ್ನೊಬ್ಬರು ಫೋಟೋ ದೊಡ್ಡದು ಮಾಡಿ ನೋಡಿದರು. ಲೆಫ್ಟ್ ಬ್ಯಾಕ್ ಚಿತ್ರದ ಕೆಳಗೆ ರೈಟ್ ಬ್ಯಾಕ್ ಹೆಸರು. ಮತ್ತೊಬ್ಬರು 'ಶಿಸ್ತಿನ, ಶ್ರಮಜೀವಿ ತಂಡ' ಅನ್ನುವ ಕಡೆ ಬೆರಳಿಟ್ಟರು. ಇವರಿಗೆ ಚೆಂಡು ಆಡೋಕೆ ಬರಲ್ಲ, ಸುಮ್ನೆ ಓಡ್ತಾರೆ ಅನ್ನೋದನ್ನು ಮರ್ಯಾದೆಯಾಗಿ ಹೇಳಿದ್ದು ಅದು, ನಮಗೆ ಗೊತ್ತಾಗಲ್ವಾ? ಮಧ್ಯಾಹ್ನದ ಹೊತ್ತಿಗೆ ಪ್ಯಾರಾ ಪ್ಯಾರಾ ತನಿಖೆ ನಡೆಯಿತು. ಸಂಜೆಗೆ ಅದು ನಮ್ಮ ವಿರುದ್ಧವೇ ಬರೆದ ಲೇಖನ ಅಂತ ಒಮ್ಮತದಿಂದ ತೀರ್ಮಾನವಾಯಿತು. ನಮ್ಮಲ್ಲಿ ಒಮ್ಮತ ಮೂಡಿದ್ದು ಅದೇ ಮೊದಲು.

ಪತ್ರಕರ್ತರ ತಪ್ಪೂ ಇಲ್ಲದಿಲ್ಲ ಬಿಡಿ. ಸಣ್ಣ ತಂಡ ಗೆದ್ದಾಗ ಆಟದ ಬಗ್ಗೆ ಬರೆಯೋದು ಬಿಟ್ಟು ಬೇರೆಲ್ಲ ಬರೆಯೋದು ಅವರ ಹಳೆಯ ಚಾಳಿ. 2016ರ ಯೂರೋ ಕಪ್‌ನಲ್ಲಿ ಐಸ್‌ಲ್ಯಾಂಡ್ ತಂಡ ಇಂಗ್ಲೆಂಡನ್ನು 2-1ರಿಂದ ಸೋಲಿಸಿ ಮನೆಗೆ ಕಳಿಸಿತು. ಆಗ ಜಗತ್ತಿಗೆಲ್ಲ ಗೊತ್ತಾಗಿದ್ದು ಏನು? ಅವರ ಇಬ್ಬರು ಕೋಚ್‌ಗಳಲ್ಲಿ ಒಬ್ಬರಾದ ಹೈಮಿರ್ ಹಾಲ್‌ಗ್ರಿಮ್ಸನ್ ಹಲ್ಲಿನ ಡಾಕ್ಟರು. ಗೋಲ್‌ಕೀಪರ್ ಸಿನಿಮಾ ನಿರ್ದೇಶಕ. ಜನಸಂಖ್ಯೆ ಸುಮಾರು ಮೂರೂಕಾಲು ಲಕ್ಷ. ಅಲ್ಲಿ ಜ್ವಾಲಾಮುಖಿ ಇದೆ. ಅದೇ ತಂಡ ಅರ್ಹತಾ ಸುತ್ತಿನಲ್ಲಿ ನೆದರ್ಲೆಂಡ್ಸನ್ನು ತನ್ನ ನೆಲದಲ್ಲೂ ಅವರ ನೆಲದಲ್ಲೂ ಸೋಲಿಸಿ ಬಂದಿತ್ತು. ಚಳಿಗಾಲದಲ್ಲೂ ಮಕ್ಕಳು ಆಡಲಿ ಅಂತ ವರ್ಷಗಟ್ಟಲೆ ಮೊದಲೇ ಒಳಾಂಗಣ ಮೈದಾನ ಕಟ್ಟಿಸಿದ್ದರು, ನೂರಾರು ಜನರಿಗೆ ತರಬೇತುದಾರರ ಲೈಸೆನ್ಸ್ ಕೊಡಿಸಿದ್ದರು. ಇದನ್ನು ಬರೆದವರೂ ಇದ್ದರು ಅನ್ನಿ, ಆದರೆ ಹಲ್ಲಿನ ಡಾಕ್ಟರು ಇರುವಾಗ ಒಳಾಂಗಣ ಮೈದಾನದ ಕಥೆ ಯಾರಿಗೆ ಬೇಕು. ಆಮೇಲೆ ಫ್ರಾನ್ಸ್ ಎದುರು 5-2ರಿಂದ ಸೋತರು. ಸೋತ ಮೇಲೆ ಇನ್ನೂ ಜಾಸ್ತಿ ಹೊಗಳಿದರು. ಸಣ್ಣ ತಂಡ ಸರಿಯಾದ ಸಮಯ ನೋಡಿ ಸೋತರೆ ಅದಕ್ಕಿಂತ ಮುದ್ದಾದದ್ದು ಇನ್ನೊಂದಿಲ್ಲ.

ಸೋಲದೇ ಹೋದರೆ ಕಷ್ಟ. 2004ರ ಯೂರೋ ಕಪ್‌ನಲ್ಲಿ ಗ್ರೀಸ್ ಹಾಗೇ ಮಾಡಿತು. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ 1-0ರಿಂದ ಗೆದ್ದರು, ಮೂರೂ ತಲೆಯಿಂದ ಹೊಡೆದ ಗೋಲು. ಫೈನಲ್‌ನಲ್ಲಿ ಪೋರ್ಚುಗಲನ್ನು ಅದರದೇ ಊರಲ್ಲಿ ಸೋಲಿಸಿದರು. ಆಗ ಸಿಕ್ಕ ಹೊಗಳಿಕೆಯ ಬಾಲಕ್ಕೆ 'ಆದರೆ ಬೋರು' ಅಂತ ಕಟ್ಟಿದ್ದರು. ಕ್ರೊಯೇಷಿಯಾದವರಿಗೆ ಇದೆಲ್ಲ ಸಾಕಾಗಿತ್ತೋ ಏನೋ, 2018ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿದ ಮೇಲೆ ಅವರ ನಾಯಕ ಲೂಕಾ ಮಾಡ್ರಿಚ್ ನೇರವಾಗಿ ಹೇಳಿಯೇ ಬಿಟ್ಟರು. ಇಂಗ್ಲಿಷ್ ಪತ್ರಕರ್ತರು, ಟೀವಿ ಪಂಡಿತರು ನಮ್ಮನ್ನು ಹಗುರವಾಗಿ ತಗೊಂಡರು, ಅವರು ಸ್ವಲ್ಪ ವಿನಯ ಕಲೀಬೇಕು ಅಂತ. ಆ ಸಲ ಎರಡನೇ ಸ್ಥಾನ, 2022ರಲ್ಲಿ ಮೂರನೇ ಸ್ಥಾನ. ಇಷ್ಟಾದರೂ ಮುಂದಿನ ಟೂರ್ನಿ ಬಂದಾಗ ಅವರನ್ನು 'ಕಪ್ಪು ಕುದುರೆ' ಅನ್ನುವವರಿಗೆ ಬರಗಾಲವಿಲ್ಲ. ಫೈನಲ್ ಆಡಿ ಬಂದ ಕುದುರೆಗೆ ಇನ್ನೂ ಎಷ್ಟು ದಿನ ಮಸಿ ಬಳಿಯುತ್ತೀರಿ?

ನಮ್ಮ ನಿಜವಾದ ಸಂಕಟ ಬೇರೆಯೇ ಇದೆ. ನಮ್ಮ ಅಭಿಮಾನಿಗಳ ಫೋನಿನಲ್ಲಿ ಒಂದು ಫೋಲ್ಡರ್ ಇರುತ್ತೆ. ಅದರಲ್ಲಿ ಸೀಸನ್ ಶುರುವಾಗುವ ಮೊದಲು ಪಂಡಿತರು ನುಡಿದ ಭವಿಷ್ಯದ ಸ್ಕ್ರೀನ್‌ಶಾಟ್‌ಗಳು. ಯಾರು ನಮ್ಮನ್ನು ಕೊನೆಯ ಮೂರು ಸ್ಥಾನದಲ್ಲಿ ಹಾಕಿದರು, ಯಾರು ನಮ್ಮ ಕೋಚ್ ಹೆಸರನ್ನು ತಪ್ಪು ಬರೆದರು, ಯಾರು ನಮ್ಮ ತಂಡದ ಹೆಸರು ಬಂದಾಗ ನಕ್ಕರು, ಎಲ್ಲ ತಾರೀಖಿನ ಪ್ರಕಾರ ಜೋಡಿಸಿಟ್ಟಿರುತ್ತಾರೆ. ಮನೆಯ ಕಾಗದಪತ್ರಗಳನ್ನೂ ಇಷ್ಟು ಜೋಪಾನವಾಗಿ ಇಟ್ಟವರಲ್ಲ. ಇದನ್ನೆಲ್ಲ ಒಂದು ದಿನ ಅವರ ಮುಖಕ್ಕೆ ಹಿಡಿಯಬೇಕು ಅಂತ ತಿಂಗಳುಗಟ್ಟಲೆ ಕಾಯುತ್ತಾರೆ. ಅಷ್ಟರಲ್ಲಿ ಆ ಪಂಡಿತ ಬಂದು ನಗುನಗುತ್ತಾ "ಈ ತಂಡ ನನಗೆ ಬಹಳ ಇಷ್ಟ" ಅಂದುಬಿಡುತ್ತಾನೆ. ಈಗ ಅವನನ್ನು ಬೈಯೋದು ಹೇಗೆ? ಕಷ್ಟ. ಆದರೂ ನಾವು ಬೈದೆವು.

ಈ ವಿಷಯದಲ್ಲಿ ಮೆಚ್ಚಬೇಕಾದವರು ಒಬ್ಬರೇ, ಇಂಗ್ಲೆಂಡಿನ ಮಾಜಿ ಆಟಗಾರ, ಆಗ ಟೀವಿಯಲ್ಲಿ ಫುಟ್‌ಬಾಲ್ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಗ್ಯಾರಿ ಲಿನೆಕರ್. 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ತಂಡಕ್ಕೆ ಕ್ಲಾಡಿಯೊ ರಾನಿಯೇರಿ ಕೋಚ್ ಆಗಿ ಬಂದಾಗ, ಅದೇ ಊರಲ್ಲಿ ಹುಟ್ಟಿ ಅದೇ ತಂಡಕ್ಕೆ ಆಡಿದ ಲಿನೆಕರ್ "ರಾನಿಯೇರಿನಾ? ನಿಜವಾಗ್ಲೂ?" ಅನ್ನೋ ಅರ್ಥದಲ್ಲಿ ಮೂಗು ಮುರಿದಿದ್ದರು. ಬೆಟ್ಟಿಂಗ್‌ನವರು ಆ ತಂಡ ಲೀಗ್ ಗೆಲ್ಲೋದಕ್ಕೆ 5000ಕ್ಕೆ 1 ದರ ಇಟ್ಟಿದ್ದರು, ಅಂದರೆ ಒಂದು ಕಟ್ಟಿದವನಿಗೆ ಐದು ಸಾವಿರ. ಡಿಸೆಂಬರ್ ಹೊತ್ತಿಗೆ ತಂಡ ಮೇಲೇರಿ ಕೂತಿತ್ತು. ಇವರು ಲೀಗ್ ಗೆದ್ದರೆ ಚಡ್ಡಿಯಲ್ಲೇ ಬಂದು ಕಾರ್ಯಕ್ರಮ ನಡೆಸಿಕೊಡ್ತೀನಿ ಅಂದರು ಲಿನೆಕರ್. ಕೊನೆಗೆ 81 ಅಂಕ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ 10 ಜಾಸ್ತಿ. 2016ರ ಆಗಸ್ಟ್‌ನಲ್ಲಿ ಹೇಳಿದ ಹಾಗೆ ಚಡ್ಡಿಯಲ್ಲೇ ಬಂದರು. ಕ್ರೀಡಾ ಪತ್ರಿಕೋದ್ಯಮದಲ್ಲಿ ಇಷ್ಟು ಪ್ರಾಮಾಣಿಕವಾದ ತಿದ್ದುಪಡಿ ಇನ್ನೊಂದು ಬಂದಿಲ್ಲ ಅಂತ ನನ್ನ ಅನಿಸಿಕೆ. ಉಳಿದವರೆಲ್ಲ ಮೈತುಂಬ ಬಟ್ಟೆ ಹಾಕಿಕೊಂಡೇ "ನಾನು ಆಗಲೇ ಹೇಳಿದ್ದೆ" ಅಂದರು.

ಆದರೆ ಆಮೇಲೆ ಏನಾಯಿತು ನೋಡಿ, ನಮ್ಮ ಭಯ ಇರೋದೇ ಅಲ್ಲಿ. ಗೆದ್ದ ಬೇಸಿಗೆಯಲ್ಲೇ ಲೆಸ್ಟರ್‌ನ ಮಿಡ್‌ಫೀಲ್ಡರ್ ಎನ್‌ಗೊಲೊ ಕಾಂಟೆ ಚೆಲ್ಸಿಗೆ ಹೋದರು, ಮುಂದಿನ ವರ್ಷ ಅಲ್ಲಿ ಲೀಗ್ ಗೆದ್ದರು. 2017ರ ಜನವರಿಯಲ್ಲಿ ಫಿಫಾ ರಾನಿಯೇರಿಗೆ ಶ್ರೇಷ್ಠ ಕೋಚ್ ಪ್ರಶಸ್ತಿ ಕೊಟ್ಟಿತು. ಫೆಬ್ರುವರಿಯಲ್ಲಿ ಕ್ಲಬ್ಬು ಅವರನ್ನು ಮನೆಗೆ ಕಳಿಸಿತು. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸೋದು ಅಂದರೆ ಇದೇ ಅಲ್ವಾ? ಜರ್ಮನಿಯ ಲೆವರ್‌ಕುಸೆನ್ ತಂಡದ ಕಥೆಯೂ ಅಷ್ಟೇ. 2002ರಲ್ಲಿ ಕೆಲವೇ ವಾರಗಳಲ್ಲಿ ಮೂರು ಕಪ್ ಕೈತಪ್ಪಿಸಿಕೊಂಡು ವರ್ಷಾನುಗಟ್ಟಲೆ ನಗೆಪಾಟಲಾದ ತಂಡ, 2023-24ರಲ್ಲಿ ಒಂದೂ ಪಂದ್ಯ ಸೋಲದೆ ಜರ್ಮನ್ ಲೀಗ್ ಗೆದ್ದಿತು. ಹೊಗಳಿದ್ದೇ ಹೊಗಳಿದ್ದು. 2025ರ ಬೇಸಿಗೆಯಲ್ಲಿ ಕೋಚ್ ಅಲೋನ್ಸೊ ರಿಯಲ್ ಮ್ಯಾಡ್ರಿಡ್‌ಗೆ ಹೋದರು, ತಾರಾ ಆಟಗಾರ ವಿರ್ಟ್ಸ್ ಲಿವರ್‌ಪೂಲ್‌ಗೆ ಹೋದರು. ನೀವು ನಮ್ಮ ಹುಡುಗನ ಬಗ್ಗೆ "ಯೂರೋಪಿನ ಅತ್ಯಂತ ರೋಮಾಂಚಕ ವಿಂಗರ್" ಅಂತ ಬರೆದಾಗ ನೀವೇನೋ ಒಂದು ಒಳ್ಳೆ ಸಾಲು ಬರೆದೆ ಅಂದುಕೊಳ್ಳುತ್ತೀರಿ. ನಾವು ಅದನ್ನು ಮಾರಾಟದ ಜಾಹೀರಾತು ಅಂತ ಓದುತ್ತೇವೆ. ಅವನ ಏಜೆಂಟ್ ಕೂಡ ಹಾಗೇ ಓದುತ್ತಾನೆ.

ಕಣ್ಣು ಬೀಳೋ ವಿಷಯ ಬೇರೆ. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಅರ್ಜೆಂಟೀನಾವನ್ನು ಸೋಲಿಸಿತು, ಮರುದಿನ ದೇಶಕ್ಕೆಲ್ಲ ರಜೆ ಕೊಟ್ಟರು. ಮುಂದಿನ ಎರಡೂ ಪಂದ್ಯ ಸೋತು ತಂಡ ವಾಪಸ್ ಬಂತು. ಕಪ್ ಎತ್ತಿದ್ದು ಅದೇ ಅರ್ಜೆಂಟೀನಾ. ನಮ್ಮವರು ಇದನ್ನು ಪುರಾವೆ ಅಂತಾರೆ, ನಾನೇನೂ ಹೇಳಲ್ಲ.

ಇನ್ನು ಹೊಗಳಿಕೆ ಓದಿಕೊಂಡು ಬಂದ ಹೊಸ ಅಭಿಮಾನಿಗಳು. ಅಯ್ಯೋ! ಹೊಸ ಜೆರ್ಸಿ, ಮಡಿಕೆ ಕೂಡ ಹೋಗಿಲ್ಲ. ಇಂಥ ಒಬ್ಬ ಹುಡುಗನನ್ನು ನಮ್ಮ ಹಿರಿಯ ಅಭಿಮಾನಿಯೊಬ್ಬರು ಹಿಡಿದು ನಿಲ್ಲಿಸಿದರು. "ನಾವು ಕೆಳಗಿನ ಡಿವಿಷನ್‌ನಲ್ಲಿದ್ದಾಗ ಗೋಲ್‌ಕೀಪರ್ ಯಾರಪ್ಪ, ಹೇಳು ನೋಡೋಣ?" ಹುಡುಗ ಹೆಸರು ಹೇಳಿದ. ಅವನ ಮೊಣಕಾಲು ಯಾವ ಪಂದ್ಯದಲ್ಲಿ ಹೋಯಿತು ಅಂತಲೂ ಹೇಳಿದ. ಆಮೇಲೆ ಬಲು ವಿನಯದಿಂದ, "ಅಂಕಲ್, ನೀವು ಹಾಕಿಕೊಂಡಿರೋ ಜೆರ್ಸಿ ಆ ಸೀಸನ್‌ದಲ್ಲ, ಅದರ ಹಿಂದಿನ ಸೀಸನ್‌ದು" ಅಂದ. ಹಿರಿಯರು ಅಂದಿನಿಂದ ಆ ಹುಡುಗನ ಜೊತೆ ಮಾತು ಬಿಟ್ಟಿದ್ದಾರೆ. ಇದಕ್ಕೂ ನೀವೇ ಹೊಣೆ.

ಹಾಗಂತ ನಾವೇನೂ ಕಲ್ಲು ಮನಸ್ಸಿನವರಲ್ಲ. ಹೊಗಳಲೇಬೇಕು ಅನಿಸಿದರೆ ಹೊಗಳಿ, ಕ್ರಮ ಇರಲಿ ಅಷ್ಟೇ. ಮೊದಲು ಸೀಸನ್ ಶುರುವಲ್ಲಿ ಏನು ಬರೆದಿದ್ದಿರಿ ಅನ್ನೋದನ್ನು ಪೂರ್ತಿ ಅಚ್ಚು ಹಾಕಿ ಕ್ಷಮೆ ಕೇಳಬೇಕು. ಕೋಚ್‌ನ ಹಳೆಯ ಕೆಲಸ, ಕ್ಲಬ್ಬಿನ ಬಡತನ, ಊರಿನ ಮಳೆ, ಇವುಗಳ ಸುದ್ದಿ ಬೇಡ. ಡಿಫೆನ್ಸ್ ಬಗ್ಗೆ ಬರೆಯಿರಿ, ಬೋರಾದರೂ ಬರೆಯಿರಿ. ಆಟಗಾರರ ಹೆಸರು ಟ್ರಾನ್ಸ್‌ಫರ್ ಕಿಟಕಿ (ಕ್ಲಬ್ಬುಗಳು ಆಟಗಾರರನ್ನು ಕೊಂಡು ಮಾರುವ ಅವಧಿ) ಮುಚ್ಚುವವರೆಗೆ ಎತ್ತಬೇಡಿ, ಎಲ್ಲರೂ ಸಾಧಾರಣ ಆಟಗಾರರು, ಮೊಣಕಾಲು ನೋವಿದೆ, ಯಾರೂ ಕೊಳ್ಳಬೇಡಿ ಅಂತ ಬರೆದರೆ ಇನ್ನೂ ಒಳ್ಳೆಯದು. ದೊಡ್ಡ ತಂಡದವರಿಗೆ ಬರೆದಷ್ಟೇ ಉದ್ದ ಬರೆಯಬೇಕು, ಆದರೆ ಯಾರ ಕಣ್ಣಿಗೂ ಬೀಳಬಾರದು.

ಇನ್ನೊಂದು ಮಾತು. ಈ ಶನಿವಾರ ಲೀಗಿನ ಮೊದಲ ಸ್ಥಾನದ ತಂಡದ ಜೊತೆ ನಮ್ಮ ಮ್ಯಾಚ್ ಇದೆ. ಇದ್ದಕ್ಕಿದ್ದ ಹಾಗೆ ನಾಲ್ಕು ಪಂಡಿತರು ನಾವೇ ಗೆಲ್ತೀವಿ ಅಂತ ಭವಿಷ್ಯ ಹೇಳಿದ್ದಾರೆ, ಇಲ್ಲಿ ಯಾರಿಗೂ ನಿದ್ದೆ ಬರ್ತಿಲ್ಲ. ನಿಮ್ಮಲ್ಲಿ ಯಾರಾದರೂ ಒಬ್ಬರು, ದಮ್ಮಯ್ಯ ಅಂತೀವಿ, 3-0ರಿಂದ ಸೋಲ್ತೀವಿ ಅಂತ ಬರೀರಿ. ಶುಕ್ರವಾರ ಸಂಜೆಯೊಳಗೆ ಬಂದರೆ ಸಾಕು. ಸ್ಕ್ರೀನ್‌ಶಾಟ್ ತೆಗೆದಿಡೋಕೆ ಒಂದು ನಿಮಿಷ ಬೇಕು.