ಹಿಂದಕ್ಕೆ ಮುಖ ಮಾಡಿದ ಮೊಮ್ಮಗ

ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಸ್ವೀಡನ್ನಿಗೆ ಬಂದಿಳಿದ ಅಮ್ಮ, ಗೋಥೆನ್‌ಬರ್ಗ್ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ನಮ್ಮ ಕಾರಿನ ಬಾಗಿಲು ತೆರೆದವಳೇ ಕೇಳಿದ ಮೊದಲ ಪ್ರಶ್ನೆ: “ಮಗು ಏನು ತಪ್ಪು ಮಾಡಿತು?”

ನಾಲ್ಕೂವರೆ ವರ್ಷದ ನನ್ನ ಮಗ ಕಾರಿನ ಹಿಂಬದಿಯಲ್ಲಿ, ನಾವೆಲ್ಲ ಹೋಗುವ ದಿಕ್ಕಿಗೆ ಬೆನ್ನು ಹಾಕಿ, ಸೀಟಿನ ಪಟ್ಟಿಗಳ ನಡುವೆ ಬಿಗಿದುಕೊಂಡು ಬಾಳೆಹಣ್ಣು ತಿನ್ನುತ್ತಿದ್ದ. ಮೂವತ್ತು ವರ್ಷ ತೀರ್ಥಹಳ್ಳಿಯ ಕಡೆ ಹೈಸ್ಕೂಲು ಮೇಷ್ಟರಾಗಿದ್ದ ಅಪ್ಪನಿಗೆ, ಗೋಡೆಗೆ ಮುಖ ಮಾಡಿ ಕೂರುವವರು ಯಾರು ಎಂಬುದು ಚೆನ್ನಾಗಿ ಗೊತ್ತು. “ಹೋಂವರ್ಕ್ ಮಾಡಿರಲಿಕ್ಕಿಲ್ಲ” ಎಂದು ಅಲ್ಲಿಯೇ ತೀರ್ಪು ಕೊಟ್ಟರು.

“ಇಲ್ಲಿ ಮಕ್ಕಳು ಕೂರುವುದೇ ಹೀಗೆ” ಎಂದೆ.

“ಎಷ್ಟು ವರ್ಷದ ತನಕ?”

“ಕಡಿಮೆಯೆಂದರೂ ನಾಲ್ಕು. ಸೀಟು ತಡೆಯುವಷ್ಟು ದಿನ ಕೂರಿಸಿದರೆ ಇನ್ನೂ ಒಳ್ಳೆಯದು. ಇದು 25 ಕಿಲೋ ತನಕ ತಡೆಯುತ್ತದೆ. ಇವನು ಈಗ 18.”

ಅಮ್ಮ ಮನಸ್ಸಿನಲ್ಲೇ ಕಳೆದು ನೋಡಿದಳು. “ಅಂದರೆ ಇನ್ನೂ 7 ಕಿಲೋ ಶಿಕ್ಷೆ ಬಾಕಿ ಇದೆ.” ಮೊಮ್ಮಗನಿಗೆ ಬೇಗ ಬಿಡುಗಡೆಯಾಗಲೆಂದೋ ಏನೋ, ಅಂದಿನಿಂದಲೇ ಅವನ ಅನ್ನಕ್ಕೆ ಬೀಳುವ ತುಪ್ಪ ಇಮ್ಮಡಿಯಾಯಿತು.

ನಾನು ಸುಮ್ಮನಿರಬಹುದಿತ್ತು. ಆದರೆ ಈ ಸೀಟಿನ ವಿಷಯ ಬಂದರೆ ನನಗೆ ಹರಿಕಥೆದಾಸರ ಆವೇಶ ಬರುತ್ತದೆ. ಸೀಟ್ ಬೆಲ್ಟಿನ ಊರೇ ಇದು. ನಾವೆಲ್ಲ ಇಂದು ಕಾರಿನಲ್ಲಿ ಎಳೆದು ಸಿಕ್ಕಿಸಿಕೊಳ್ಳುವ ಮೂರು ಬಿಂದುಗಳ ಬೆಲ್ಟನ್ನು ಇಲ್ಲಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದು, ಅದು 1959ರಲ್ಲಿ ಕಾರಿಗೆ ಬಂದಿದ್ದು. ಅದರ ಬೆನ್ನಿಗೆ ಬೆರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯ ಅಮೆರಿಕದ ಜೆಮಿನಿ ಗಗನನೌಕೆಯ ಆಸನಗಳನ್ನು ಕಂಡ. ರಾಕೆಟ್ಟಿನ ಹೊಡೆತವನ್ನು ಗಗನಯಾನಿಗಳು ಎದೆಯಿಂದ ಎದುರಿಸುತ್ತಿರಲಿಲ್ಲ, ಇಡೀ ಬೆನ್ನನ್ನು ಆಸನಕ್ಕೆ ಒಪ್ಪಿಸಿ ಮಲಗಿರುತ್ತಿದ್ದರು. ಇದು ಕಾರಿನಲ್ಲಿ ಕೂರುವ ಮಗುವಿಗೂ ಆದೀತಲ್ಲ ಎಂದು ಅವನಿಗೆ ಹೊಳೆಯಿತು. 1964ರಲ್ಲಿ ವೋಲ್ವೋ ಕಾರಿನಲ್ಲಿ ಅಂಥ ಸೀಟಿನ ಮೊದಲ ಮಾದರಿಯ ಪರೀಕ್ಷೆಯಾಯಿತು.

ಉಳಿದದ್ದೆಲ್ಲ ಅಪ್ಪನ ಈ ಕಿವಿಯಿಂದ ಆ ಕಿವಿಗೆ ಹೋಗಿರಬೇಕು. ಗಗನಯಾನಿ ಮಾತ್ರ ನಿಂತ. ಆ ಸಂಜೆಯೇ ವಾಟ್ಸಾಪಿನಲ್ಲಿ ಚಿಕ್ಕಪ್ಪನಿಗೆ ಫೋಟೋ ಹೋಯಿತು: “ಮೊಮ್ಮಗ, ಗಗನಯಾತ್ರೆಗೆ ತಯಾರಿ.”

ಅಮ್ಮ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಅವಳಿಗಾಗಿ ಅಡುಗೆಮನೆಯ ಉದಾಹರಣೆಯನ್ನೇ ತೆಗೆದೆ. ಬಾಳೆದಿಂಡಿನ ಮೇಲೆ ತೆಂಗಿನಕಾಯಿ ಕೂರಿಸಿದ ಹಾಗೆ ಮಗುವಿನ ಕತ್ತು ಮತ್ತು ತಲೆ. ತಲೆಯ ಭಾರ ಹೆಚ್ಚು, ಕತ್ತಿನ ಮೂಳೆ ಇನ್ನೂ ಎಳೆಯದು. ಕಾರು ಎದುರಿಗೆ ಏನಕ್ಕಾದರೂ ಗುದ್ದಿತು ಎಂದುಕೊಳ್ಳೋಣ. ಮುಂದಕ್ಕೆ ಮುಖ ಮಾಡಿದ ಮಗುವಿನ ಮೈಯನ್ನು ಪಟ್ಟಿ ಹಿಡಿದುಕೊಳ್ಳುತ್ತದೆ, ತಲೆಯನ್ನು ಹಿಡಿಯುವವರಿಲ್ಲ. ಅದು ಮುಂದಕ್ಕೆ ಚಿಮ್ಮುವಾಗ ಕತ್ತೊಂದೇ ಅದನ್ನು ಎಳೆದು ನಿಲ್ಲಿಸಬೇಕು. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಒಟ್ಟಿಗೆ ಸೀಟಿಗೆ ಒತ್ತಿಕೊಳ್ಳುತ್ತವೆ. ಕತ್ತಿನ ಮೇಲೆ ಬೀಳುವ ಎಳೆತವನ್ನು ಅಳೆಯಲೆಂದೇ ಇಲ್ಲಿ ಪ್ಲಸ್ ಟೆಸ್ಟ್ ಎಂಬ ಪರೀಕ್ಷೆ ಇದೆ. ಅದರಲ್ಲಿ ತೇರ್ಗಡೆಯಾದವೆಲ್ಲ ಹಿಮ್ಮುಖದ ಸೀಟುಗಳೇ.

ಅಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ನೀನು ಬೆಳೆಯಲಿಲ್ಲವೇನೇ?” ಎಂದಳು.

ಬೆಳೆದೆ. ಹೇಗೆ ಬೆಳೆದೆ ಎಂಬುದಕ್ಕೆ ಗಲ್ಲದ ಕೆಳಗೆ ಪುರಾವೆಯೂ ಇದೆ. ಅಪ್ಪನ ಸ್ಕೂಟರಿನಲ್ಲಿ ನನ್ನ ಜಾಗ ಮುಂದೆ, ಅವರ ಎರಡು ಕೈಗಳ ನಡುವೆ, ಹ್ಯಾಂಡಲ್ ಹಿಡಿದು ನಿಲ್ಲುವುದು. ಹಿಂದೆ ಓರೆಯಾಗಿ ಕುಳಿತ ಅಮ್ಮ, ಅವಳ ತೊಡೆಯ ಮೇಲೆ ತಮ್ಮ, ತಮ್ಮನ ತೊಡೆಯ ಮೇಲೆ ಹಲಸಿನ ಹಣ್ಣು. ಸಂತೆಯ ತಿರುವಿನಲ್ಲಿ ಒಂದು ಗುಂಡಿ ಬಂದಾಗ ನನ್ನ ಗಲ್ಲ ಹೋಗಿ ಹ್ಯಾಂಡಲಿಗೆ ಬಡಿಯಿತು, ಎರಡು ಹೊಲಿಗೆ. ಹಲಸಿನ ಹಣ್ಣಿಗೆ ಏನೂ ಆಗಲಿಲ್ಲ. ಮನೆಯಲ್ಲಿ ಆ ಕಥೆ ಹೇಳುವಾಗ ಇಂದಿಗೂ ಒತ್ತು ಬೀಳುವುದು ಅದರ ಮೇಲೆ. ಈಗ ನಮ್ಮ ದೇಶದಲ್ಲೂ ಹದಿನಾಲ್ಕರೊಳಗಿನ ಮಗುವನ್ನು ಬೆಲ್ಟೋ ಮಕ್ಕಳ ಸೀಟೋ ಇಲ್ಲದೆ ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡವಿದೆ, 2019ರ ತಿದ್ದುಪಡಿ ಅದು ಎಂದು ನೆನಪಿಸಿದೆ. “ನಮ್ಮದು ಸ್ಕೂಟರು” ಎಂದು ಅಪ್ಪ ಪತ್ರಿಕೆ ತಿರುವಿದರು.

ಇನ್ನು ಕಾಲಿನ ಪ್ರಶ್ನೆ. ಹಿಮ್ಮುಖದ ಸೀಟು ನೋಡಿದ ಪ್ರತಿಯೊಬ್ಬರೂ ಕೇಳುವುದು ಅದನ್ನೇ: ಕಾಲು ಎಲ್ಲಿಡುತ್ತಾನೆ? ಕಾಲಿಗೆ ಏನಾದರೂ ಆದರೆ ಪ್ಲಾಸ್ಟರ್ ಹಾಕಬಹುದು, ಕತ್ತಿನ ಕಥೆ ಹಾಗಲ್ಲ ಎಂದು ನಾನು ಸಿದ್ಧಪಡಿಸಿಕೊಂಡಿದ್ದ ಉತ್ತರದ ಅಗತ್ಯವೇ ಬೀಳಲಿಲ್ಲ. ನನ್ನ ಮಗ ಸೀಟಿನಲ್ಲಿ ಕುಳಿತ ಕೂಡಲೇ ಕಾಲು ಮಡಚಿ ಚಕ್ಕಳಮಕ್ಕಳ ಹಾಕುತ್ತಾನೆ. ಅದನ್ನು ಕಂಡು ಅಮ್ಮನ ಮುಖ ಅರಳಿತು. ಈ ದೇಶಕ್ಕೆ ಬಂದ ಮೇಲೆ ಮೊಮ್ಮಗ ಪಂಕ್ತಿಯಲ್ಲಿ ಕೂರುವುದನ್ನು ಮರೆತೇಬಿಡುತ್ತಾನೆ ಎಂಬ ಚಿಂತೆ ಅವಳಿಗಿತ್ತಂತೆ. ಸೀಟಿಗೆ ಸಿಕ್ಕ ಮೊದಲ ಪ್ರಶಂಸೆ ಅದು.

ಜುಲೈ ತಿಂಗಳ ಒಂದು ಶನಿವಾರ ಇವರನ್ನು ಟ್ರೋಲ್‌ಹೆಟ್ಟನ್ ಜಲಪಾತಕ್ಕೆ ಕರೆದುಕೊಂಡು ಹೋಗುವುದೆಂದಾಯಿತು. ಸುಮಾರು 75 ಕಿಲೋಮೀಟರ್ ದಾರಿ. ಅಲ್ಲಿನ ನದಿಯ ನೀರೆಲ್ಲ ವಿದ್ಯುತ್ತಿಗೆ ಹೋಗುತ್ತದೆ; ಬೇಸಿಗೆಯಲ್ಲಿ ಮಾತ್ರ, ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ, ಜನ ನೋಡಲೆಂದು ಕೆಲವು ನಿಮಿಷ ಗೇಟು ತೆರೆಯುತ್ತಾರೆ. ಜೋಗದ ಪಕ್ಕದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. “ಎಷ್ಟು ಎತ್ತರ?” ಎಂದು ಅಪ್ಪ ವಿಚಾರಿಸಿದರು. 32 ಮೀಟರ್ ಎಂದೆ. ಅಪ್ಪ 253 ಎಂದಷ್ಟೇ ಹೇಳಿ ಮೀಸೆಯಡಿ ನಕ್ಕರು.

ಐದು ಜನರಿಗೆ ನಮ್ಮ ಪುಟ್ಟ ಕಾರು ಸಾಲದೆಂದು ಗೆಳೆಯರೊಬ್ಬರ ದೊಡ್ಡ ಕಾರು ತಂದೆವು. ಹನ್ನೆರಡಕ್ಕೆ ಹೊರಡುವುದು, ಮೂರಕ್ಕೆ ಧಾರಾಳ ಸಮಯ. ಆದರೆ ಮಗುವಿನ ಸೀಟನ್ನು ಒಂದು ಕಾರಿನಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟುವ ಕೆಲಸವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬಿಚ್ಚುವಾಗಲೇ ತಡವಾಯಿತು. ಎತ್ತಿದ ಸೀಟಿನ ಕೆಳಗೆ ಎರಡು ವರ್ಷದ ಸಂಸಾರವಿತ್ತು: ಕಲ್ಲಾದ ಒಣದ್ರಾಕ್ಷಿ, ಚಕ್ಕುಲಿಯ ಚೂರು, ಒಂಟಿ ಕಾಲುಚೀಲ, ನಾವು ಕಳೆದುಹೋಯಿತೆಂದು ದಂಡ ಕಟ್ಟಿದ್ದ ಗ್ರಂಥಾಲಯದ ಪುಸ್ತಕ, ಯುಗಾದಿಯ ಚಿತ್ರಾನ್ನದ ಒಂದು ಪದರ. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಕಟ್ಟುವುದು ಇನ್ನೊಂದು ಪುರಾಣ. ಸೀಟಿನಿಂದ ಹೊರಟ ಎರಡು ಪಟ್ಟಿಗಳನ್ನು ಮುಂದಿನ ಆಸನದ ಬುಡಕ್ಕೆ ಸುತ್ತಿ ಎಳೆಯಬೇಕು, ನೆಲಕ್ಕೊಂದು ಊರುಗಾಲು ನಿಲ್ಲಿಸಬೇಕು, ಬೆಲ್ಟನ್ನು ಸರಿಯಾದ ಸಂದಿಯಲ್ಲಿ ತೂರಿಸಬೇಕು. ಗಂಡ ಸೀಟಿನ ಮೇಲೆ ಮಂಡಿಯೂರಿ, ತಲೆಯನ್ನು ಕಾರಿನ ಚಾವಣಿಗೆ ಒತ್ತಿ, ಬಾವಿಯಿಂದ ನೀರು ಸೇದುವವನಂತೆ ಪಟ್ಟಿ ಎಳೆದ. ನಾನು ಕೈಪಿಡಿ ಹಿಡಿದು ನಿಂತಿದ್ದೆ. ಅದರಲ್ಲಿ ಹತ್ತಾರು ಭಾಷೆಗಳಿವೆ, ಕನ್ನಡವಿಲ್ಲ. ಅವನ ಹೆಬ್ಬೆರಳು ಬಕಲ್ಲಿನಲ್ಲಿ ಸಿಕ್ಕಿಕೊಂಡಾಗ ಆ ಕೊರತೆ ತುಂಬಿತು. ಅಪ್ಪ ಬಂದು ಸೀಟನ್ನು ಅಲ್ಲಾಡಿಸಿ ನೋಡಿ, ಇಡೀ ಕಾರು ಅಲ್ಲಾಡಿದ್ದನ್ನು ಕಂಡು, ಪಾಸು ಎಂದರು. ಒಂದೂ ಮುಕ್ಕಾಲಾಗಿತ್ತು.

ಹಿಮ್ಮುಖದ ಸೀಟು ಹಿಂದೆ ಜಾಗ ತಿನ್ನುತ್ತದೆ, ಆ ನಷ್ಟ ಮುಂದಿನವರ ಪಾಲಿಗೆ. ಮುಂದಿನ ಆಸನವನ್ನು ಎಷ್ಟು ಸರಿಸಬೇಕಾಯಿತೆಂದರೆ, ಹಿರಿಯರೆಂದು ಗೌರವದಿಂದ ಅಲ್ಲಿ ಕೂರಿಸಿದ ಅಪ್ಪನ ಮಂಡಿಗಳು ಡ್ಯಾಶ್‌ಬೋರ್ಡಿಗೆ ತಾಗಿದವು. “ಪರವಾಗಿಲ್ಲ, ಗಗನಯಾತ್ರಿಗಳಿಗೂ ಜಾಗ ಇರುವುದಿಲ್ಲ” ಎಂದರು. ಅಮ್ಮ ಹಿಂದೆ ನಡುವಿನಲ್ಲಿ, ಮೊಮ್ಮಗನ ಪಕ್ಕ. ನಾನು ಕಿಟಕಿಗೆ.

ಹೊರಟ ಹತ್ತು ನಿಮಿಷಕ್ಕೆ ಮೊಸರನ್ನದ ಡಬ್ಬಿ ತೆರೆಯಿತು. ಮಗು ನೋಡುತ್ತಿರುವುದು ಹಿಂದಕ್ಕೆ, ಅಮ್ಮ ಕುಳಿತಿರುವುದು ಮುಂದಕ್ಕೆ. ತುತ್ತು ಬಾಯಿಗೆ ಹೋಗಬೇಕಾದರೆ ಅವಳು ಸೊಂಟದಿಂದ ಮೇಲೆ ಪೂರ್ತಿ ತಿರುಗಬೇಕು. ತಿರುಗಿದಳು. ನದಿಯ ಪಕ್ಕದ ಆ ನುಣುಪು ಹೆದ್ದಾರಿಯಲ್ಲಿ ಮೂವತ್ತು ಕಿಲೋಮೀಟರು ಹಾಗೆಯೇ, ಒಂದೊಂದು ತುತ್ತಿಗೂ ಒಂದೊಂದು ಕಥೆ. ಬೇಡವೆಂದರೂ ಕೇಳಲಿಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನಿಂಬೆಹಣ್ಣು ಮೂಸುತ್ತಾ ದಾಟಿದ ಹೆಂಗಸು ಅವಳು, ತಿರುವೇ ಇಲ್ಲದ ದಾರಿಯಲ್ಲಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ಮುಖ ಬೆಳ್ಳಗಾಯಿತು. “ಕಾರು ನಿಲ್ಲಿಸಲು ಹೇಳು” ಎಂದಳು. ಹೆದ್ದಾರಿಯಲ್ಲಿ ಹಾಗೆಲ್ಲ ನಿಲ್ಲಿಸುವಂತಿಲ್ಲ ಎಂದು ಗಂಡ ವಿವರಿಸುವಷ್ಟರಲ್ಲಿ ಮೊಸರನ್ನದ ಡಬ್ಬಿ ಎರಡನೆಯ ಉಪಯೋಗಕ್ಕೆ ಬಂತು.

ಇಡೀ ಪ್ರಸಂಗವನ್ನು ತೀರ ಸಮೀಪದಿಂದ ನೋಡಿದ ಮಗ, “ಅಜ್ಜಿ, ನೀನು ನನ್ನ ಹಾಗೆ ಕೂರಬೇಕು, ಆಗ ತಿರುಗುವುದೇ ಬೇಡ” ಎಂದು ಸಲಹೆ ಕೊಟ್ಟ. ದಾರಿ ಬದಿಯ ತಂಗುದಾಣದಲ್ಲಿ ಮುಖ ತೊಳೆದು, ಕಾಫಿ ಕುಡಿದು, ಸೀರೆ ಒರೆಸಿಕೊಂಡು ಹೊರಟಾಗ ಗಡಿಯಾರ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಟ್ರೋಲ್‌ಹೆಟ್ಟನ್ ತಲುಪಿದಾಗ ಮೂರೂ ಇಪ್ಪತ್ತು. ಜನ ಎದುರಿನಿಂದ ವಾಪಸು ಬರುತ್ತಿದ್ದರು, ಎಲ್ಲರ ಮುಖದಲ್ಲೂ ಜಲಪಾತ ನೋಡಿದವರ ಕಳೆ. ಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದೆವು. ಒದ್ದೆ ಬಂಡೆಗಳು, ನಡುವೆ ಅಷ್ಟಿಷ್ಟು ನೊರೆ. ಅಪ್ಪ ಬಹಳ ಹೊತ್ತು ನೋಡಿದರು. “ಏಪ್ರಿಲ್ ತಿಂಗಳಿನಲ್ಲಿ ನಮ್ಮ ಜೋಗವೂ ಹೀಗೆಯೇ” ಎಂದರು. ಅಷ್ಟು ದಿನಗಳಲ್ಲಿ ಅವರು ಸ್ವೀಡನ್ನಿಗೆ ತೋರಿದ ಮೊದಲ ಔದಾರ್ಯವದು.

ವಾಪಸು ಬರುವಾಗ ಅದಲುಬದಲು. ಅಮ್ಮ ಮುಂದೆ, ಅಪ್ಪ ಮೊಮ್ಮಗನ ಪಕ್ಕ. ಹಿಂದಕ್ಕೆ ಮುಖ ಮಾಡಿದ ಮಗುವಿನ ಜತೆ ಪ್ರಯಾಣ ಮಾಡುವುದೆಂದರೆ ಭೂತಕಾಲದ ವೀಕ್ಷಕ ವಿವರಣೆ ಕೇಳಿದಂತೆ. ನಾವು ದಾಟಿದ ಮೇಲೆ ಅವನಿಗೆ ಸೇತುವೆ ಬರುತ್ತದೆ, ನಾವು ಮರೆತ ಮೇಲೆ ಅವನಿಗೆ ಟ್ರ್ಯಾಕ್ಟರು ಕಾಣುತ್ತದೆ. ಅವನು “ಕುದುರೆ!” ಎಂದಾಗಲೆಲ್ಲ ಅಪ್ಪ ತಿರುಗುತ್ತಿದ್ದರು, ಅವರಿಗೆ ಹುಲ್ಲು ಮಾತ್ರ ಸಿಗುತ್ತಿತ್ತು.

ಕಾಡಿನ ನಡುವಿನ ಒಂದು ಉದ್ದ ಹಾದಿಯಲ್ಲಿ ಮಗ ಕೂಗಿದ: “ಅಜ್ಜಾ, ದೊಡ್ಡ ಮೂಸ್! ರಸ್ತೆ ದಾಟಿತು, ನಮ್ಮ ಹಿಂದೆ!”

ಸ್ವೀಡನ್ನಿಗೆ ಬರುವವರೆಲ್ಲ ಕಾಣಬೇಕೆಂದು ಹಂಬಲಿಸುವ, ಎಂಟು ವರ್ಷಗಳಲ್ಲಿ ನಾನು ರಸ್ತೆಬದಿಯ ಎಚ್ಚರಿಕೆ ಫಲಕದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ, ಜಿಂಕೆ ಜಾತಿಯ ದೈತ್ಯ ಪ್ರಾಣಿ. ನಾನು ತಿರುಗಿದೆ, ಅಮ್ಮ ತಿರುಗಿದಳು. ಅಪ್ಪ ಎಲ್ಲರಿಗಿಂತ ಜೋರಾಗಿ ತಿರುಗಿದರು. ‘ಕಟ್’ ಎಂದಿದ್ದು ನನಗೂ ಕೇಳಿಸಿತು. ಕಂಡಿದ್ದು ಖಾಲಿ ರಸ್ತೆ, ಎರಡೂ ಕಡೆ ಪೈನ್ ಮರ.

ಮನೆಗೆ ಬರುವಷ್ಟರಲ್ಲಿ ಅಪ್ಪನ ಕತ್ತು ಎಡಕ್ಕೆ ನಿಂತುಬಿಟ್ಟಿತ್ತು. ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಮಗ ಪಕ್ಕದಲ್ಲಿ ಕುಳಿತು ಮೂಸ್‌ನ ಚಿತ್ರ ಬಿಡಿಸಿದ; ಅದಕ್ಕೆ ಎಮ್ಮೆಯ ಮೈ, ಜಾತ್ರೆಯ ಛತ್ರಿಯಂಥ ಕೊಂಬು. ಅಪ್ಪನಿಗೆ ಕಾಣಲೆಂದು ಅದನ್ನು ಅವರ ಎಡಕ್ಕೆ ಹಿಡಿದ.

ಅಮ್ಮ ಎಣ್ಣೆ ಕೈಯನ್ನು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದಳು. “ಆ ಸೀಟು 25 ಕಿಲೋ ತನಕ ಅಂದೆಯಲ್ಲ? 62 ಕಿಲೋ ತಡೆಯುವಂಥದ್ದು ಸಿಗುತ್ತದೆಯೇ ವಿಚಾರಿಸು.”