ಅರ್ಧ ಕಿಲೋ ಸಕ್ಕರೆಯ ನೌಕರಿ

ನಮ್ಮ ಅಕ್ಕನ ಮಗನಿಗೆ ಕೊನೆಗೂ ಕೆಲಸ ಸಿಕ್ಕಿತು. ಸಿಕ್ಕಿದ್ದು ಅವನಿಗೇ ಗೊತ್ತಿರಲಿಲ್ಲ. ಕೇಂದ್ರ ಸರ್ಕಾರದ ಸಮೀಕ್ಷೆಯವರು ಮನೆಗೆ ಬಂದು ತಿಳಿಸಿಕೊಡಬೇಕಾಯಿತು.

ತಿಪಟೂರಿನಲ್ಲಿ ಭಾವನದು ದಿನಸಿ ಅಂಗಡಿ. ಹುಡುಗ 2023ರಲ್ಲಿ ಬಿ.ಇ. ಮುಗಿಸಿದವನು ಅಂದಿನಿಂದ ಮಹಡಿಯ ಮೇಲಿನ ಕೋಣೆಯಲ್ಲಿ ಅರ್ಜಿ ಹಾಕುತ್ತ, ಸಾಮಾನ್ಯ ಜ್ಞಾನ ಉರುಹೊಡೆಯುತ್ತ ಕೂತಿದ್ದಾನೆ. ಟ್ಯಾಬ್ ಹಿಡಿದು ಬಂದ ಹೆಣ್ಣುಮಗಳು (ಆಕೆಯದೂ ಗುತ್ತಿಗೆ ಕೆಲಸವಂತೆ) ಮನೆಮಂದಿಯ ಹೆಸರು, ವಯಸ್ಸು, ಓದು ಎಲ್ಲ ಬರೆದುಕೊಂಡು ಕೇಳಿದಳು: 'ಕಳೆದ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ಏನಾದರೂ ಕೆಲಸ ಮಾಡಿದ್ದೀರಾ?' ಹುಡುಗ ಪ್ರಾಮಾಣಿಕ. 'ಭಾನುವಾರ ಅಪ್ಪ ಅರಸೀಕೆರೆಗೆ ಮದುವೆಗೆ ಹೋಗಿದ್ದರು. ಒಂದೂವರೆ ಗಂಟೆ ಗಲ್ಲಾದಲ್ಲಿ ಕೂತಿದ್ದೆ. ಅರ್ಧ ಕಿಲೋ ಸಕ್ಕರೆ, ಎರಡು ಸೋಪು, ಒಂದು ಕಟ್ಟು ಊದುಬತ್ತಿ ವ್ಯಾಪಾರ ಆಯಿತು' ಎಂದ. 'ಇದಕ್ಕೆ ನಿಮಗೆ ಸಂಬಳ?' 'ರಾತ್ರಿ ಊಟ ಹಾಕಿದರು.' ಆಕೆ ಪರದೆಯ ಮೇಲೆ ಬೆರಳಾಡಿಸಿದಳು. ಅಷ್ಟೇ. ದೇಶದ ನಿರುದ್ಯೋಗಿಗಳಲ್ಲಿ ಒಬ್ಬ ಕಡಿಮೆಯಾದ.

ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ನಿಯಮ ಇರುವುದೇ ಹಾಗೆ. ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಆ ವಾರದ ಲೆಕ್ಕಕ್ಕೆ ನೀವು ಉದ್ಯೋಗಸ್ಥರು. ಒಂದು ಗಂಟೆಯ ಈ ಅಳತೆ ದೆಹಲಿಯವರ ಸ್ವಂತ ಬುದ್ಧಿಯೂ ಅಲ್ಲ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹಾಕಿಕೊಟ್ಟ ಮೇಲ್ಪಂಕ್ತಿ. ಮನೆಯ ಅಂಗಡಿಯಲ್ಲೋ ಹೊಲದಲ್ಲೋ ಸಂಬಳವಿಲ್ಲದೆ ಕೈ ಜೋಡಿಸುವವರನ್ನು ನಮ್ಮ ಸಮೀಕ್ಷೆ 'ಸ್ವಯಂ ಉದ್ಯೋಗಿ'ಗಳ ಸಾಲಿನಲ್ಲಿ ಕೂರಿಸುತ್ತದೆ. 2023–24ರ ಲೆಕ್ಕದಲ್ಲಿ ದುಡಿಯುವ ನೂರು ಜನರಲ್ಲಿ 58 ಮಂದಿ ಇದೇ ಸಾಲಿನವರು. ಟಾಟಾ ಅವರೂ ಸ್ವಯಂ ಉದ್ಯೋಗಿ, ನಮ್ಮ ಹುಡುಗನೂ ಸ್ವಯಂ ಉದ್ಯೋಗಿ. ವ್ಯತ್ಯಾಸ ಸಕ್ಕರೆಯ ಪ್ರಮಾಣದಲ್ಲಿ ಮಾತ್ರ.

ಅಕ್ಕನಿಗೆ ಈ ಸುದ್ದಿಯಿಂದ ಎಷ್ಟು ಸಂತೋಷವಾಯಿತೆಂದರೆ, ಮೂರು ವರ್ಷದಿಂದ ಟ್ರಂಕಿನಲ್ಲಿದ್ದ ಜಾತಕವನ್ನು ಹೊರತೆಗೆದಳು. ಹುಡುಗನಿಗೆ ಕೆಲಸ ಇದೆಯೇ ಎಂದು ಯಾರಾದರೂ ಕೇಳಿದರೆ 'ಕೇಂದ್ರ ಸರ್ಕಾರದ ದಾಖಲೆಯಲ್ಲೇ ಇದೆ' ಎಂದು ಎದೆ ತಟ್ಟಿ ಹೇಳಬಹುದಲ್ಲ. ಕಾಯಂ ನೌಕರಿಯೇ ಎಂದರೆ, ಭಾವನ ಕಡೆಯ ನೆಂಟರ ಮನೆಗಳಲ್ಲಿ ಮದುವೆಗಳು ನಿಲ್ಲುವವರೆಗೆ ಕಾಯಂ. ಮೇಲು ಸಂಪಾದನೆ? ಚಿಲ್ಲರೆ ಹಿಂದಿರುಗಿಸುವಾಗ ಉಳಿದ ಒಂದು ಚಾಕೊಲೇಟ್. ಹಳ್ಳಿಯ ಕಡೆ ಈಗ ಹೆಣ್ಣು ಸಿಗದ ಗಂಡುಗಳ ಗೋಳು ಕೇಳಿದವರಿಗೆ ಗೊತ್ತು, ಹೆಣ್ಣಿನ ತಂದೆಯಷ್ಟು ಕಟ್ಟುನಿಟ್ಟಾದ ಸಮೀಕ್ಷಕ ಇನ್ನೊಬ್ಬನಿಲ್ಲ. ಆತ ಗಂಟೆಯ ಲೆಕ್ಕ ಕೇಳುವುದಿಲ್ಲ, ತಿಂಗಳ ಮೊದಲ ತಾರೀಖು ಬ್ಯಾಂಕಿಗೆ ಎಷ್ಟು ಬೀಳುತ್ತದೆ ಎಂದು ಕೇಳುತ್ತಾನೆ. ನಿರುದ್ಯೋಗದ ಲೆಕ್ಕವನ್ನು ಒಂದೇ ಒಂದು ವರ್ಷ ಮದುವೆ ದಲ್ಲಾಳಿಗಳ ಕೈಗೆ ಕೊಟ್ಟು ನೋಡಬೇಕು. ಅಂಕಿ ಎಲ್ಲಿಗೆ ಹೋಗಿ ನಿಲ್ಲುತ್ತದೋ!

ತಮಾಷೆ ಇರುವುದು ಇನ್ನೊಂದು ಕಡೆ. ಇದೇ ಹುಡುಗ ರಾಜ್ಯ ಸರ್ಕಾರದ ಯುವನಿಧಿಯ ಫಲಾನುಭವಿಯಾಗಿದ್ದ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಅದು ಬರಬೇಕಾದರೆ 'ನನಗೆ ಇನ್ನೂ ಕೆಲಸ ಸಿಕ್ಕಿಲ್ಲ' ಎಂದು ಸ್ವಯಂ ಘೋಷಣೆ ಮಾಡುತ್ತಿರಬೇಕು. ತಾನಿನ್ನೂ ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡುವ ಪಿಂಚಣಿದಾರರ ಹಾಗೆ ಇವನು ಕೆಲಸ ಸಿಕ್ಕಿಲ್ಲವೆಂದು ಘೋಷಿಸುತ್ತ ಬಂದ. ಬೆಂಗಳೂರಿಗೆ ಇವನು ನಿರುದ್ಯೋಗಿ, ದೆಹಲಿಗೆ ಉದ್ಯೋಗಿ. ಭತ್ಯೆಗೆ ಎರಡು ವರ್ಷದ ಮಿತಿ ಇದೆ. ಈಗ ಅದೂ ಮುಗಿದಿರುವುದರಿಂದ ಬೆಂಗಳೂರಿಗೂ ಇವನು ನಿರುದ್ಯೋಗಿಯಲ್ಲ. ಮಿಕ್ಸಿಗೆ ಎರಡು ವರ್ಷ ವಾರಂಟಿ ಕೊಡುತ್ತಾರಲ್ಲ, ಆಮೇಲೆ ಕೆಟ್ಟರೆ ಅದು ಕೆಟ್ಟಂತೆ ಅಲ್ಲ, ನಿಮ್ಮ ಹಣೆಬರಹ.

'ಕೆಲಸ ಮಾಡುವವನಿಗೆ ಕೆಲಸಕ್ಕೇನು ಬರ?' ಎನ್ನುವ ಹಿರಿಯರೊಬ್ಬರು ಎಲ್ಲ ಮದುವೆಗಳಲ್ಲೂ ಇರುತ್ತಾರೆ. ಊಟದ ಪಂಕ್ತಿಯಲ್ಲಿ ಸರಿಯಾಗಿ ನಿರುದ್ಯೋಗಿಯ ಪಕ್ಕದ ಎಲೆಗೇ ಅವರು ಕೂರುವುದು ಹೇಗೋ ನನಗೆ ಗೊತ್ತಿಲ್ಲ. ಅವರಿಗೆ ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ಮಾವನ ಚೀಟಿಯ ಮೇಲೆ ನೌಕರಿ ಸಿಕ್ಕಿರುತ್ತದೆ, ಈಗ ನಿವೃತ್ತಿ ವೇತನವೇ ಆರಂಕಿಯ ಹತ್ತಿರ ಇರುತ್ತದೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, 'ಆರ್ಥಿಕ ಹಿಂಜರಿತ ಎಲ್ಲ ಸೋಮಾರಿಗಳ ನೆಪ' ಎನ್ನುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಅವರಿಗಿಂತ ಎತ್ತರದಲ್ಲಿ ಕೂತವರು ಹೇಳಿದ್ದೂ ಅದನ್ನೇ.

2019ರ ಸೆಪ್ಟೆಂಬರ್ ನೆನಪಿದೆಯಲ್ಲ. ಕಾರು ಕಾರ್ಖಾನೆಗಳು ಪಾಳಿ ನಿಲ್ಲಿಸುತ್ತಿದ್ದ ದಿನಗಳು. ಆಗಿನ ಕಾರ್ಮಿಕ ಸಚಿವ ಸಂತೋಷ್ ಗಂಗ್ವಾರ್ ಅವರು ದೇಶದಲ್ಲಿ ಕೆಲಸಕ್ಕೆ ಕೊರತೆಯಿಲ್ಲ, ಉತ್ತರ ಭಾರತದಲ್ಲಿ ಅರ್ಹರು ಸಿಗುತ್ತಿಲ್ಲ ಎಂದರು. ಅವರು ಆಗ ಉತ್ತರ ಪ್ರದೇಶದ ಬರೇಲಿಯ ಸಂಸದರು. ಸ್ವಂತ ಮತದಾರರನ್ನೇ ನಾಲಾಯಕ್ಕು ಎನ್ನಲು ಎಂಟೆದೆ ಬೇಕು. ಮರು ತಿಂಗಳು ಆಗಿನ ಇನ್ನೊಬ್ಬ ಕೇಂದ್ರ ಸಚಿವ ರವಿಶಂಕರ್ ಪ್ರಸಾದ್ ಅವರು ಒಂದೇ ದಿನ ಮೂರು ಸಿನಿಮಾಗಳು 120 ಕೋಟಿ ಗಳಿಸಿವೆ, ಆರ್ಥಿಕತೆ ಗಟ್ಟಿಯಾಗಿದೆ ಎಂದರು. ಆಮೇಲೆ ಮಾತು ಹಿಂದಕ್ಕೆ ಪಡೆದರು ಅನ್ನಿ. ಹಿಂಪಡೆಯಬಾರದಿತ್ತು. ನಿರುದ್ಯೋಗಿ ಮಧ್ಯಾಹ್ನದ ಆಟಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತಾನೆ?

ಅದಕ್ಕೂ ಮುಂಚಿನದು ಪಕೋಡ. 2018ರ ಜನವರಿಯಲ್ಲಿ ಪ್ರಧಾನಿಯವರು ಟಿವಿ ಸಂದರ್ಶನದಲ್ಲಿ, ಕಚೇರಿಯ ಮುಂದೆ ಪಕೋಡ ಮಾರಿ ದಿನಕ್ಕೆ 200 ರೂಪಾಯಿ ಮನೆಗೆ ಒಯ್ಯುವುದು ಉದ್ಯೋಗವಲ್ಲವೇ ಎಂದು ಕೇಳಿದ್ದರು. ಅಂದು ಎಲ್ಲರೂ ಪದವೀಧರರಿಗೆ ಅವಮಾನವಾಯಿತೆಂದು ಬೊಬ್ಬೆ ಹಾಕಿದರು. ನನಗೆ ಮಾತ್ರ ಪಕೋಡದವನಿಗೆ ಅವಮಾನವಾಯಿತು ಎನ್ನಿಸಿತ್ತು. ನಮ್ಮ ಬೀದಿಯ ಬಜ್ಜಿ ಗಾಡಿಯ ಮುಂದೆ ಒಂದು ಸಂಜೆ ನಿಂತು ನೋಡಬೇಕು. ಮೆಣಸಿನಕಾಯಿಯನ್ನು ತೊಟ್ಟು ಬಿಡದಂತೆ ಸೀಳಬೇಕು, ಓಮ ಉಪ್ಪು ಸವರಬೇಕು, ಹಿಟ್ಟು ಬೆರಳಿಗೆ ಅಂಟಿ ನಿಧಾನ ಜಾರುವ ಹದಕ್ಕೆ ಬರಬೇಕು, ಎಣ್ಣೆಗೆ ಒಂದು ಹನಿ ಹಿಟ್ಟು ಬಿಟ್ಟು ಅದು ತಳ ಮುಟ್ಟಿ ಏಳುವುದನ್ನು ಕಾಯಬೇಕು. ಇಪ್ಪತ್ತು ವರ್ಷದಿಂದ ಅದೇ ಬಾಣಲೆಯ ಮುಂದೆ ಮುಖ ಸುಟ್ಟುಕೊಂಡವನು ಅವನು. ಮಳೆ ಬಂದರೆ ವ್ಯಾಪಾರ ಏರುತ್ತದೆ, ಜೋರು ಮಳೆ ಬಂದರೆ ಹಿಟ್ಟು ಚರಂಡಿಗೆ. ಬೇರೇನೂ ಆಗದಿದ್ದವನು ಇದನ್ನಾದರೂ ಮಾಡಲಿ ಎನ್ನುವವರು ಅವನ ಕಸುಬನ್ನು ಏನೆಂದುಕೊಂಡಿದ್ದಾರೆ? ನಮ್ಮ ಹುಡುಗ ಬಜ್ಜಿ ಹಾಕಿದರೆ ಒಂದೇ ಸಂಜೆಗೆ ಗಾಡಿ ಮುಚ್ಚಬೇಕಾಗುತ್ತದೆ. ಅಂದಹಾಗೆ ಆ ಬಜ್ಜಿಯವನ ಮಗನೂ ಬಿ.ಇ. ಓದುತ್ತಿದ್ದಾನೆ. ಅಪ್ಪನಿಗೆ ಮಗ ಬಾಣಲೆಯ ಮುಂದೆ ನಿಲ್ಲಬಾರದೆಂಬ ಹಟ.

ಪಕೋಡದ ಮಾತು ಬಂದ ವರ್ಷದ ನಿರುದ್ಯೋಗ ಎಷ್ಟಿತ್ತು ಎನ್ನುವುದು ಬಹಳ ದಿನ ಗುಟ್ಟಾಗಿತ್ತು. 2017–18ರ ಪ್ರಮಾಣ ಶೇ 6.1, ನಲವತ್ತೈದು ವರ್ಷಗಳಲ್ಲೇ ಹೆಚ್ಚು ಎಂದು 2019ರ ಜನವರಿಯಲ್ಲಿ ಪತ್ರಿಕೆಯಲ್ಲಿ ಸೋರಿತು. ಸರ್ಕಾರ ಅದು ಅಂತಿಮ ವರದಿಯಲ್ಲ ಎಂದಿತು. ಚುನಾವಣೆ ಮುಗಿದು, ಮೇ 30ಕ್ಕೆ ಪ್ರಮಾಣವಚನವೂ ಆಗಿ, ಮರುದಿನ ಅದೇ ಶೇ 6.1 ಅಧಿಕೃತವಾಗಿ ಹೊರಬಿತ್ತು. ಮುಹೂರ್ತ ನೋಡಿ ಪ್ರಕಟವಾಗುವ ಅಂಕಿ. ಆ ಕಷ್ಟ ಈಗಿಲ್ಲ. 2025ರಿಂದ ತಿಂಗಳಿಗೊಮ್ಮೆ ಅಂಕಿ ಬರುತ್ತದೆ. ಮೊದಲ ತಿಂಗಳು, ಅಂದರೆ ಆ ವರ್ಷದ ಏಪ್ರಿಲ್‌ಗೆ, ಶೇ 5.1. ಅದು ದಶಾಂಶದಷ್ಟು ಇಳಿದ ತಿಂಗಳು ಟಿವಿಯಲ್ಲಿ ಹಬ್ಬ, ಏರಿದ ತಿಂಗಳು ಹವಾಮಾನದ ಕಾರಣ.

ಹಿಂಜರಿತದಲ್ಲಿ ಕೆಲಸ ಸಿಗುವುದು ಕಷ್ಟ ಎನ್ನುವ ಹಳೆಯ ನಂಬಿಕೆಗೆ ಈಗ ಆಧಾರವೇ ಇಲ್ಲ. 2008ರಲ್ಲಿ ಅಮೆರಿಕದ ಬ್ಯಾಂಕು ಮುಳುಗಿದ್ದಕ್ಕೆ ಜಯನಗರದ ಸಾಫ್ಟ್‌ವೇರ್ ಹುಡುಗ ಕೆಲಸವಿಲ್ಲದೆ ಬೆಂಚಿಗೆ ಬಂದಾಗ ಕಾರಣವಾದರೂ ಇತ್ತು. ಈಗ ಹಿಂಜರಿತದ ಸುಳಿವೇ ಬೇಕಿಲ್ಲ. 2025ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ಗಳಿಸಿದ ನಿವ್ವಳ ಲಾಭ 12,760 ಕೋಟಿ ರೂಪಾಯಿ. ಅದೇ ಜುಲೈ ಕೊನೆಗೆ 12 ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸುವುದಾಗಿ ಹೇಳಿತು. ಭಾವ ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರು: ಹೋಗುವ ತಲೆಯೊಂದಕ್ಕೆ ಮೂರು ತಿಂಗಳ ಲಾಭವೇ ಕೋಟಿಯ ಮೇಲೆ ಬಿತ್ತು. 'ನನ್ನ ಅಂಗಡಿಯಲ್ಲಿ ಒಬ್ಬ ಆಳಿಗೆ ಕೋಟಿ ಲಾಭ ಬಂದರೆ ಅವನನ್ನು ಗಲ್ಲಾದ ಮೇಲೆಯೇ ಕೂರಿಸಿ ಆರತಿ ಎತ್ತುತ್ತೇನೆ' ಎಂದರು. ಕಂಪನಿ ಕೊಟ್ಟ ಕಾರಣ 'ಭವಿಷ್ಯಕ್ಕೆ ಸಜ್ಜಾಗುವುದು'. ಹಾಗೆಂದರೆ ಏನೆಂದು ಭಾವನಿಗೆ ಗೊತ್ತಿಲ್ಲ, ಪಾಪ.

ಇರುವವರು ಎಷ್ಟು ಹೊತ್ತು ದುಡಿಯಬೇಕು ಎಂಬುದರ ಬಗ್ಗೆ ಮಾತ್ರ ನಮ್ಮ ಉದ್ಯಮಿಗಳಲ್ಲಿ ಸ್ಪಷ್ಟತೆ ಇದೆ. ನಾರಾಯಣ ಮೂರ್ತಿಯವರು 2023ರಲ್ಲಿ ವಾರಕ್ಕೆ 70 ಗಂಟೆ ಎಂದರು. ಎಲ್ ಅಂಡ್ ಟಿಯ ಸುಬ್ರಹ್ಮಣ್ಯನ್ ಅವರು ಹರಾಜಿನಲ್ಲಿ ಕೂಗಿದವರ ಹಾಗೆ ಅದನ್ನು 90ಕ್ಕೆ ಏರಿಸಿ, ಭಾನುವಾರ ಮನೆಯಲ್ಲಿ ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದರು. ನನ್ನದೊಂದು ನಮ್ರ ಸಲಹೆ ಇದೆ. ಆ 90 ಗಂಟೆಯನ್ನು ಬಿಡಿಸಿ ತಲೆಗೊಂದು ಗಂಟೆಯಂತೆ ಹಂಚಿದರೆ, ಸರ್ಕಾರದ ಲೆಕ್ಕದ ಪ್ರಕಾರವೇ 90 ಜನಕ್ಕೆ ಉದ್ಯೋಗ! ಒಂದು ಕಂಪನಿ ಮನಸ್ಸು ಮಾಡಿದರೆ ತುಮಕೂರು ಜಿಲ್ಲೆಯನ್ನು ನಿರುದ್ಯೋಗಮುಕ್ತ ಮಾಡಬಹುದು. ಹೆಂಡತಿಯ ಮುಖ ನೋಡಲು 167 ಗಂಟೆ ಉಳಿಯುತ್ತದೆ. ಆಕೆ ಒಪ್ಪುತ್ತಾಳೋ ಇಲ್ಲವೋ, ಅದು ಬೇರೆ ಸಮೀಕ್ಷೆ.

ಇನ್ನು ಸಂಬಳ. ಕೆಲಸ ಮಾಡಿದವನಿಗೆ ಹಣ ಕೊಡುವುದು ಹಳೆಯ ಪದ್ಧತಿ. 2024ರ ನವೆಂಬರಿನಲ್ಲಿ ಜೊಮಾಟೊದ ದೀಪಿಂದರ್ ಗೋಯಲ್ ತಮ್ಮ ಕಚೇರಿಯ ಒಂದು ಹುದ್ದೆಗೆ ಕೊಟ್ಟ ಪ್ರಕಟಣೆ ಮರೆತಿಲ್ಲವಷ್ಟೆ? ಮೊದಲ ವರ್ಷ ಸಂಬಳವಿಲ್ಲ, ಅಭ್ಯರ್ಥಿಯೇ 20 ಲಕ್ಷ ರೂಪಾಯಿ ದೇಣಿಗೆಯಾಗಿ ಕಟ್ಟಬೇಕು. ಸಾವಿರಾರು ಅರ್ಜಿಗಳು ಬಂದವು. ಆಮೇಲೆ ಅವರು, ಹಣ ಕೇಳಿದ್ದು ನಿಜಕ್ಕಲ್ಲ, ಜರಡಿ ಹಿಡಿಯಲು ಎಂದರು. ನಾವು ಇಷ್ಟು ವರ್ಷ ಇದನ್ನು ಲಂಚ ಎಂದು ಕರೆದು, ರಾತ್ರಿ ಹೊತ್ತು ಲಾಡ್ಜುಗಳಲ್ಲಿ ಕದ್ದು ಕೊಡುತ್ತಿದ್ದೆವಲ್ಲ, ಎಂಥ ಪೆದ್ದರು! ರಾಜ್ಯದ 545 ಪಿಎಸ್ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರಲ್ಲಿ ಪರೀಕ್ಷೆ ನಡೆದು, ಉತ್ತರ ಪತ್ರಿಕೆ ತಿದ್ದಿದ ಹಗರಣ ಬಯಲಾಗಿ, ನೇಮಕಾತಿ ನೋಡಿಕೊಳ್ಳುತ್ತಿದ್ದ ಎಡಿಜಿಪಿ ದರ್ಜೆಯ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಕೊಟ್ಟವರು, ಕೊಡದವರು ಎಲ್ಲರ ಪರೀಕ್ಷೆಯೂ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೊಡದೆ, ಓದಿ ಪಾಸಾಗಿದ್ದ ಹುಡುಗರ ಎರಡು ವರ್ಷಕ್ಕೆ ಯಾರಾದರೂ ರಸೀದಿ ಕೊಟ್ಟರೇ?

ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು ನೆರೆಯುವ ಧಾರವಾಡದ ಸಪ್ತಾಪುರದಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಬೆಳಿಗ್ಗೆ ಆರಕ್ಕೇ ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಒಳಗೆ ಇಪ್ಪತ್ತರವರೂ ಇದ್ದಾರೆ, ಕಿವಿಯ ಪಕ್ಕ ನರೆ ಬಂದವರೂ ಇದ್ದಾರೆ. ಊರಿನಿಂದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಸ್ಸಿನಲ್ಲಿ ಬರುತ್ತದೆ, ಅದರ ಮೇಲೆ ವಾರ ನೂಕುತ್ತಾರೆ. ಇವರಿಗಾಗಿ 384 ಹುದ್ದೆಗಳ ಕೆಎಎಸ್ ಪರೀಕ್ಷೆ 2024ರ ಆಗಸ್ಟಿನಲ್ಲಿ ನಡೆಯಿತು. ಕನ್ನಡದ ಪ್ರಶ್ನೆ ಅರ್ಥವಾಗಬೇಕಾದರೆ ಪಕ್ಕದ ಇಂಗ್ಲಿಷ್ ಓದಬೇಕು ಎನ್ನುವ ಸ್ಥಿತಿ. ಡಿಸೆಂಬರಿನಲ್ಲಿ ಮರುಪರೀಕ್ಷೆ, ಅದರಲ್ಲೂ ತಪ್ಪು ಅನುವಾದ. ಕರ್ನಾಟಕದಲ್ಲಿ, ಕರ್ನಾಟಕ ಲೋಕಸೇವಾ ಆಯೋಗಕ್ಕೆ, ಕನ್ನಡ ಬರೆಯುವ ನಾಲ್ಕು ಜನ ಸಿಗಲಿಲ್ಲ. ಅರ್ಹರ ಕೊರತೆ ಎಂದರೆ ಇದು ಸ್ವಾಮಿ. ಗಂಗ್ವಾರ್ ಅವರು ದಿಕ್ಕು ತಪ್ಪಿ ಉತ್ತರ ಎಂದರಷ್ಟೇ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆಗಳು ಖಾಲಿ ಬಿದ್ದಿವೆ. ಆ ಕುರ್ಚಿಗಳ ಮೇಲೆ ಹೊರಗುತ್ತಿಗೆಯವರು, ಅತಿಥಿ ಉಪನ್ಯಾಸಕರು ಇಂದು ನಾಳೆ ಎನ್ನುತ್ತ ಕೂತಿದ್ದಾರೆ. ಈ ಮಕ್ಕಳು ಬೀದಿಗಿಳಿದು ಕೂಗಿದ ಮೇಲೆ ಸರ್ಕಾರ ವಯೋಮಿತಿ ಸಡಿಲಿಸಿತು. ಯಯಾತಿಗೆ ಮಗನಿಂದ ಯೌವನ ಸಿಕ್ಕಿತಂತೆ, ಇವರಿಗೆ ಸಚಿವ ಸಂಪುಟದಿಂದ. ಯಾರಿಗೆ ಬೇಕಿತ್ತು ನಿಮ್ಮ ವಯಸ್ಸು? ಹುಡುಗರು ಕೇಳಿದ್ದು ಕೆಲಸ. ಹೊಲ ಮಾರಿ ಓದಿಸಿದ ಅಪ್ಪನಿಗೆ ಈ ದಸರಾಕ್ಕೂ ಏನು ಹೇಳುವುದೆಂದು ತಿಳಿಯದೆ ಊರಿಗೆ ಹೋಗದೆ ಉಳಿಯುವವರಿದ್ದಾರೆ ಅಲ್ಲಿ. ಅದನ್ನು ನೆನೆದಾಗ ಶೇ 5.1, 5.2 ಎಂಬುದನ್ನೆಲ್ಲ ಓದಿ ಹೇಳುವವರ ಬಾಯಿ ಮುಚ್ಚಿಸಬೇಕು ಎನ್ನಿಸುತ್ತದೆ.

ಇರಲಿ. ಸಮೀಕ್ಷೆಯವರು ಒಂದು ಮನೆಗೆ ನಾಲ್ಕು ತಿಂಗಳು ಸತತವಾಗಿ ಬರುತ್ತಾರಂತೆ. ಎರಡನೆಯ ತಿಂಗಳು ಅದೇ ಹೆಣ್ಣುಮಗಳು ಬಂದಳು. ಆ ವಾರ ಭಾವ ಎಲ್ಲಿಗೂ ಹೋಗಿರಲಿಲ್ಲ, ಹುಡುಗ ಗಲ್ಲಾ ಮುಟ್ಟಿರಲಿಲ್ಲ. 'ಹಾಗಾದರೆ ಕೆಲಸ ಹುಡುಕಿದಿರಾ?' ಎಂದಳು. ಆ ವಾರ ಯಾವ ಅಧಿಸೂಚನೆಯೂ ಬಂದಿರಲಿಲ್ಲ, ಹುಡುಕಿರಲಿಲ್ಲ. 'ಕೊಟ್ಟಿದ್ದರೆ ಮಾಡಲು ಸಿದ್ಧರಿದ್ದಿರಾ?' 'ಇಲ್ಲ ಮೇಡಂ, ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆ' ಎಂದು ಈ ಪ್ರಾಮಾಣಿಕ ಉತ್ತರಿಸಿದ. ಮತ್ತೆ ಬೆರಳಾಡಿತು. ಈಗ ಅವನು ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ. ದುಡಿಯುವವರು, ಕೆಲಸಕ್ಕೆ ಕಾದಿರುವವರು ಇಬ್ಬರೂ ಸೇರಿದ 'ಶ್ರಮಿಕ ಪಡೆ'ಯಿಂದಲೇ ಹೊರಗೆ. ತ್ರಿಶಂಕುವಿಗಾದರೂ ವಿಶ್ವಾಮಿತ್ರರು ಒಂದು ಸ್ವರ್ಗ ಕಟ್ಟಿಕೊಟ್ಟಿದ್ದರು.

ಮಗನ ನೌಕರಿ ಹೋದ ಸುದ್ದಿ ಕೇಳಿ ಅಕ್ಕ ಕಂಗಾಲಾದಳು. ಜಾತಕ ಆಗಲೇ ಮೂರು ಕಡೆ ಹೋಗಿದೆ. ಮೊನ್ನೆ ನಾನು ಹೋದಾಗ ಭಾವ ಅಂಗಡಿಯ ಮೊಳೆಗೆ ಸಿಕ್ಕಿಸಿದ್ದ ಲಗ್ನಪತ್ರಿಕೆಗಳನ್ನೆಲ್ಲ ಗಲ್ಲಾದ ಮೇಲೆ ಹರಡಿಕೊಂಡು, ಸಮೀಕ್ಷೆಯವಳು ಮುಂದಿನ ಸಲ ಬರುವ ವಾರಕ್ಕೆ ಸರಿಹೊಂದುವ ಮದುವೆ ಯಾವುದೆಂದು ಕನ್ನಡಕ ಏರಿಸಿ ಹುಡುಕುತ್ತಿದ್ದರು.