ಸಜ್ಜಾ ಮೇಲಿನ ಕುಯ್

ತಿಪಟೂರಿನ ನಮ್ಮ ಮನೆಯಲ್ಲಿ ಮೂರು ವಾರದಿಂದ ಏನೋ ಒಂದು ಕೂಗುತ್ತಿತ್ತು. ಅಮ್ಮ ಯಾರಿಗೂ ಹೇಳಿರಲಿಲ್ಲ. ನನಗೆ ಗೊತ್ತಾಗಿದ್ದು ಫೋನಿನಲ್ಲಿ. ಹುಳಿಗೆ ಯಾವ ಸೊಪ್ಪು ಹಾಕಿದೆ ಅಂತ ಹೇಳ್ತಾ ಇದ್ದಳು, ಮಧ್ಯೆ ಸಣ್ಣಗೆ 'ಕುಯ್' ಅಂತು. ಅರ್ಧ ನಿಮಿಷ ಬಿಟ್ಟು ಮತ್ತೆ 'ಕುಯ್'.

"ಅಮ್ಮ, ಅದೇನು ಶಬ್ದ?"

"ನಿನಗೂ ಕೇಳಿಸ್ತಾ?" ಅಂದಳು. ಅವಳ ಧ್ವನಿಯಲ್ಲಿ ಎಂಥ ನೆಮ್ಮದಿ ಇತ್ತು ಗೊತ್ತಾ? "ನನ್ನ ಕಿವಿನೇ ಹಾಗನ್ನುತ್ತೆ ಅಂದ್ಕೊಂಡಿದ್ದೆ ಪುಟ್ಟಿ. ಡಾಕ್ಟರ ಹತ್ರ ಹೋಗೋಣ ಅಂತಿದ್ದೆ."

ಅಮ್ಮನಿಗೆ ಎಪ್ಪತ್ತೆರಡು. ಮನೆಯಲ್ಲಿ ಒಬ್ಬಳೇ. ಮೊದಲ ವಾರ ಜೀರುಂಡೆ ಅಂದುಕೊಂಡಳಂತೆ. ಎರಡನೇ ವಾರ ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕಿಕೊಂಡಳಂತೆ. ಮೂರನೇ ವಾರ ಇದು ವಯಸ್ಸಿನ ತೊಂದರೆ, ಯಾರಿಗೂ ಹೇಳೋದು ಬೇಡ ಅಂತ ಸುಮ್ಮನಾದಳಂತೆ. ಇದನ್ನು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಮಷಿನ್ ಕೂಗ್ತಾ ಇದೆ, ಮನುಷ್ಯರು ತಮ್ಮ ದೇಹವೇ ಕೆಟ್ಟಿತು ಅಂತ ಹೆದರಿಕೊಂಡು ಕೂತಿದ್ದಾರೆ. ಇದು ಸರಿ ಅಲ್ಲ. ಅದಕ್ಕೇ ಇಷ್ಟುದ್ದ ಬರೀತಾ ಇದ್ದೀನಿ.

ಮೊದಲ ಅನುಮಾನ ಹೋಗಿದ್ದು ಇಂಟರ್ನೆಟ್ ಡಬ್ಬಿ ಮೇಲೆ, ಅಂದರೆ ಹಾಲ್ ಗೋಡೆಯ ಮೇಲಿರುವ ಫೈಬರ್ ಬಾಕ್ಸ್. ಶಬ್ದ ಆ ಕಡೆಯಿಂದಲೇ ಬಂದ ಹಾಗಿದೆ ಅಂತ ಅಮ್ಮ ಹೇಳಿದಳು. ಅದರ ಹಿಂದಿನ ದುಂಡು ಪಿನ್ ಕೀಳಿಸಿದೆ. ದೀಪಗಳೆಲ್ಲ ಆರಿದವು, ಕುಯ್ ಮಾತ್ರ ನಿಲ್ಲಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮೋಡೆಮ್ ರೀಸ್ಟಾರ್ಟ್ ಮಾಡಿ ಅಂದರು. ಮಾರನೇ ದಿನ ಒಬ್ಬ ಹುಡುಗ ಬಂದು ನೋಡಿ, ನಮ್ಮ ಬಾಕ್ಸ್‌ನಲ್ಲಿ ಶಬ್ದ ಮಾಡೋದೇ ಇಲ್ಲ ಅಜ್ಜಿ, ಅಂತ ಹೇಳಿ ಹೋದ. ಅವನು ಹೇಳಿದ್ದು ನಿಜವೇ. ಸಾಮಾನ್ಯವಾಗಿ ಈ ಬಾಕ್ಸುಗಳಲ್ಲಿ, ರೂಟರ್‌ಗಳಲ್ಲಿ ಬಜರ್ ಇರುವುದಿಲ್ಲ. ಫೈಬರ್ ತಂತಿ ತುಂಡಾದರೂ ಕೆಂಪು ದೀಪ ಮಿನುಗುತ್ತೆ ಅಷ್ಟೇ, ಬಾಯಿ ಬಿಡಲ್ಲ. ಆದರೆ ಆ ಡಬ್ಬಿಗೆ ಕರೆಂಟ್ ಎಲ್ಲಿಂದ ಬರುತ್ತೆ ಅಂತ ಅವನು ನೋಡಲಿಲ್ಲ. ತಂತಿ ಕೇಸಿಂಗ್ ಪಟ್ಟಿಯೊಳಗೆ ಮೇಲಕ್ಕೆ ಹೋಗಿತ್ತು. ಕತ್ತೆತ್ತಿ ನೋಡಿದ್ದರೆ ಅವತ್ತೇ ಮುಗಿಯುತ್ತಿತ್ತು.

ಶನಿವಾರ ಬೆಳಗಿನ ರೈಲು ಹಿಡಿದು ಊರಿಗೆ ಹೋದೆ.

ಮನೆಯೊಳಗೆ ಕಾಲಿಟ್ಟ ಮೇಲೆ ನನಗೂ ಅಷ್ಟೇ. ಹಾಲ್‌ನಲ್ಲಿ ನಿಂತರೆ ಅಡುಗೆಮನೆಯಲ್ಲಿ ಕೂಗಿದ ಹಾಗೆ, ಅಡುಗೆಮನೆಗೆ ಹೋದರೆ ದೇವರಮನೆಯಲ್ಲಿ ಕೂಗಿದ ಹಾಗೆ. ಫ್ರಿಜ್‌ಗೆ ಕಿವಿ ಕೊಟ್ಟೆ, ವಾಟರ್ ಫಿಲ್ಟರ್‌ಗೆ ಕೊಟ್ಟೆ, ಸೆಟ್‌ಟಾಪ್ ಬಾಕ್ಸ್‌ಗೆ ಕೊಟ್ಟೆ. ಟ್ರಂಕಿನಲ್ಲಿದ್ದ ಹಳೇ ಕೈಗಡಿಯಾರವನ್ನೂ ಬಿಡಲಿಲ್ಲ. ಪಕ್ಕದ ಮನೆಯ ಹುಡುಗ ಬಂದ, ಆರನೇ ಕ್ಲಾಸು. ಅವನಿಗೆ ಶಬ್ದ ಗೇಟಿನ ಹತ್ತಿರವೇ ಸ್ಪಷ್ಟವಾಗಿ ಕೇಳಿಸಿತು. ಅಮ್ಮನಿಗೆ ಅದೇ ಕೋಣೆಯಲ್ಲಿ ಕೂತರೂ ಒಂದೊಂದು ಸಲ ಮಾತ್ರ ಕೇಳುತ್ತಿತ್ತು, ಅದೂ ಜಾಸ್ತಿ ರಾತ್ರಿ ಹೊತ್ತು.

ಇದು ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ, ಹೇಳಲೇಬೇಕು. ಶಬ್ದ ಎಲ್ಲಿಂದ ಬಂತು ಅಂತ ನಮಗೆ ತಿಳಿಯುವುದು ಎರಡು ಕಿವಿ ಇರುವುದರಿಂದ. ಎಡಗಡೆಯಿಂದ ಬಂದ ಶಬ್ದ ಎಡಗಿವಿಗೆ ಒಂಚೂರು ಮೊದಲು ಮುಟ್ಟುತ್ತೆ. ಆ ವ್ಯತ್ಯಾಸ ಎಷ್ಟು ಅಂದರೆ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ದಪ್ಪ ಸ್ವರಗಳಿಗೆ ಮಿದುಳು ಈ ಲೆಕ್ಕವನ್ನು ಚೆನ್ನಾಗಿ ಮಾಡುತ್ತೆ. ತೀರಾ ಕೀಚಲು ಸ್ವರ ಆದರೆ ತಲೆಯೇ ಅಡ್ಡ ಬಂದು ಆ ಕಡೆಯ ಕಿವಿಗೆ ಮೆಲ್ಲಗೆ ಕೇಳುತ್ತೆ, ಅದರಿಂದ ದಿಕ್ಕು ಗೊತ್ತಾಗುತ್ತೆ. ಈ ಎರಡರ ನಡುವೆ, ಸುಮಾರು 2ರಿಂದ 4 ಕಿಲೋಹರ್ಟ್ಸ್ (ಸೆಕೆಂಡಿಗೆ ಎರಡರಿಂದ ನಾಲ್ಕು ಸಾವಿರ ಸಲ ನಡುಗುವ ಸ್ವರ) ಹತ್ತಿರ, ಎರಡು ಲೆಕ್ಕವೂ ಸರಿಯಾಗಿ ಕೂಡುವುದಿಲ್ಲ. ಮಷಿನ್‌ಗಳ ಬಜರ್ ಸಾಮಾನ್ಯವಾಗಿ ಕೂಗುವುದು ಅಲ್ಲೇ!

ಯಾಕೆ ಅಲ್ಲೇ ಅಂದರೆ, ಆ ಬಜರ್ ಒಳಗಿರುವುದು ಹಿತ್ತಾಳೆ ಬಿಲ್ಲೆಗೆ ಅಂಟಿಸಿದ ತೆಳು ಸೆರಾಮಿಕ್ ಚೂರು. ಕರೆಂಟ್ ಕೊಟ್ಟರೆ ಅದು ಬಗ್ಗುತ್ತೆ, ಬಿಟ್ಟರೆ ನೆಟ್ಟಗಾಗುತ್ತೆ. 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಅಣ್ಣತಮ್ಮಂದಿರು ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತೆ ಅಂತ ತೋರಿಸಿದರಲ್ಲ, ಅದರದೇ ಉಲ್ಟಾ. ಕಾಸಿನಗಲದ ಬಿಲ್ಲೆ ಅತಿ ಜೋರಾಗಿ ನಡುಗುವುದು ಹೆಚ್ಚುಕಮ್ಮಿ ಆ ಸ್ವರದಲ್ಲಿ. ಮನುಷ್ಯರ ಕಿವಿ ತುಂಬಾ ಚುರುಕಾಗಿರುವುದೂ ಅಲ್ಲೇ. ಹಾಗಾಗಿ ಕಡಿಮೆ ದುಡ್ಡಿಗೆ ಜೋರು ಶಬ್ದ ಸಿಗುತ್ತೆ. ಆದರೆ ಎಲ್ಲಿಂದ ಅಂತ ಗೊತ್ತಾಗಲ್ಲ. ಬರೀ ಒಂದೇ ಸ್ವರ, ಅದೂ ಕ್ಷಣ ಮಾತ್ರ. ತಲೆ ತಿರುಗಿಸುವಷ್ಟರಲ್ಲಿ ಮುಗಿದಿರುತ್ತೆ. ಮೇಲಿಂದ ನಮ್ಮ ಮನೆಗಳ ಟೈಲ್ಸು, ಬರಿಗೋಡೆ, ಎಲ್ಲ ಕಡೆಗೂ ತಾಗಿ ವಾಪಸ್ ಬರುತ್ತೆ. ಕುಕ್ಕರ್ ಕೂಗಿದರೆ, ಗೆಜ್ಜೆ ಅಲುಗಿದರೆ ಎಲ್ಲಿ ಅಂತ ಕಣ್ಣು ಮುಚ್ಚಿ ಹೇಳ್ತೀವಿ, ಅದರಲ್ಲಿ ನೂರಾರು ಸ್ವರ ಬೆರೆತಿರುತ್ತೆ. ಜೀರುಂಡೆಯದು ಹೆಚ್ಚುಕಮ್ಮಿ ಒಂದೇ ಸ್ವರ, ಅದಕ್ಕೇ ಅದು ಗೋಡೆಯ ಯಾವ ಸಂದಿಯಲ್ಲಿದೆ ಅಂತ ಹುಡುಕೋದು ಕಷ್ಟ. ಅಮ್ಮ ಜೀರುಂಡೆ ಅಂದುಕೊಂಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವಯಸ್ಸಾದಂತೆ ಮೊದಲು ಮಂಕಾಗುವುದು ಕೀಚಲು ಸ್ವರಗಳೇ. ಅಂದರೆ ಹಗಲಿನ ಗಲಾಟೆಯಲ್ಲಿ ಕೇಳಲ್ಲ, ರಾತ್ರಿ ಎಲ್ಲ ಸದ್ದಡಗಿದಾಗ ಅರೆಬರೆ ಕೇಳುತ್ತೆ. ಕಿವಿಯ ಮೇಲೆ ಅನುಮಾನ ಬರದೆ ಇನ್ನೇನು?

ಕಿವಿಯಿಂದ ಆಗಲ್ಲ ಅಂತ ಗೊತ್ತಾದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿದೆ. ಫ್ಯಾನು ನಿಂತಿತು, ಫ್ರಿಜ್ ನಿಂತಿತು. ಇದು ನಿಲ್ಲಲಿಲ್ಲ, ಜೋರಾಯಿತು! ಅರ್ಧ ನಿಮಿಷಕ್ಕೊಂದು ಸಲ ಇದ್ದದ್ದು ಕುಯ್ ಕುಯ್ ಕುಯ್ ಅಂತ ಬಿಡದೆ ಹೊಡೆದುಕೊಂಡಿತು, ಎರಡು ನಿಮಿಷಕ್ಕೆ ಒಂದು ಉದ್ದ ಕೂಗು ಹಾಕಿ ನಿಂತುಹೋಯಿತು. ಮನೆಯೆಲ್ಲ ಸ್ತಬ್ಧ.

ಆಗ ಹೊಳೆಯಿತು. ಕರೆಂಟ್ ಹೋದಾಗಲೂ ಕೂಗುತ್ತೆ ಅಂದರೆ ಹೊಟ್ಟೆಯಲ್ಲಿ ಬ್ಯಾಟರಿ ಇದೆ. ಎರಡೇ ನಿಮಿಷಕ್ಕೆ ಉಸಿರು ಬಿಟ್ಟಿತು ಅಂದರೆ ಆ ಬ್ಯಾಟರಿ ಮುಗಿದಿದೆ. ನಮ್ಮ ಮನೆಯಲ್ಲಿ ಇನ್ವರ್ಟರ್ ಇಲ್ಲ. ಹಾಗಾದರೆ ಬ್ಯಾಟರಿ ಇರುವ ಪೆಟ್ಟಿಗೆ ಯಾವುದು?

ನೆನಪಾಯಿತು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಶುರುವಾದಾಗ ನಾನು ಊರಿಗೆ ಬಂದು ಮನೆಯಿಂದ ಕೆಲಸ ಮಾಡುತ್ತಿದ್ದೆ. ಕರೆಂಟ್ ಹೋದಾಗೆಲ್ಲ ಮೀಟಿಂಗ್ ಕಟ್ ಆಗುತ್ತಿತ್ತು. ಕಂಪ್ಯೂಟರ್‌ಗೆ ಇಡುವ ಯುಪಿಎಸ್, ಅಂದರೆ ಕರೆಂಟ್ ಹೋದರೂ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆ, ಒಂದನ್ನು ತರಿಸಿ, ಫೈಬರ್ ಬಾಕ್ಸ್ ಅದರ ಮೇಲೆ ನಡೆಯೋ ಹಾಗೆ ಮಾಡಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೆ. ಆತ ಸಜ್ಜಾ ಮೇಲೆ, ಹಿಂದೆ ಟಿವಿ ಆಂಟೆನಾದ ಬೂಸ್ಟರ್‌ಗೆ ಅಂತ ಹಾಕಿಸಿದ್ದ ಪಾಯಿಂಟ್ ಇತ್ತಲ್ಲ, ಅಲ್ಲೇ ಇಟ್ಟು ಹೋಗಿದ್ದ. ನಾನು ಬೆಂಗಳೂರಿಗೆ ವಾಪಸ್ ಬಂದೆ. ಅದು ಅಲ್ಲೇ ಉಳಿಯಿತು. ಸುಣ್ಣಬಣ್ಣ ಮಾಡಿಸಿದಾಗ ದಸರಾ ಗೊಂಬೆ ಟ್ರಂಕನ್ನು ಯಾರೋ ಅದರ ಮುಂದೆ ತಳ್ಳಿದ್ದಾರೆ. ಅಮ್ಮನಿಗೆ ಅಲ್ಲಿ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಹೇಳಬೇಕಾದವಳು ನಾನು, ಹೇಳಿರಲಿಲ್ಲ.

ಏಣಿ ಹತ್ತಿದೆ. ಟ್ರಂಕು ಸರಿಸಿದರೆ ಕಪ್ಪು ಪೆಟ್ಟಿಗೆ, ಮೇಲೆ ಬೆರಳು ಗಾತ್ರ ಧೂಳು, ಜೇಡರ ಬಲೆ. ಮುಟ್ಟಿದರೆ ಬಿಸಿ. ಮೇ ತಿಂಗಳು, ಮೇಲೆ ಕಾದ ಆರ್‌ಸಿಸಿ ತಾರಸಿ, ಮನೆಯಲ್ಲೇ ಅತಿ ಸೆಕೆಯ ಜಾಗ ಅದು. ಇಂಥ ಲೆಡ್ ಬ್ಯಾಟರಿ 25 ಡಿಗ್ರಿ ಆಸುಪಾಸಿನಲ್ಲಿದ್ದರೆ ಮೂರರಿಂದ ಐದು ವರ್ಷ ಬಾಳುತ್ತೆ. ಅದಕ್ಕಿಂತ ಪ್ರತಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತೆ. ಸ್ವಿಚ್ ಆಫ್ ಮಾಡಿ, ಪಿನ್ ಕಿತ್ತು, ಇಳಿಸಿ ತಂದು ಎಲೆಕ್ಟ್ರಿಷಿಯನ್‌ನ ಕರೆಸಿ ಬಿಚ್ಚಿಸಿದೆ. ಒಳಗೆ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ, ಇಟ್ಟಿಗೆಗಿಂತ ಸ್ವಲ್ಪ ಚಿಕ್ಕದು, ಎರಡು ಕೆಜಿ ಮೇಲೆ ತೂಕ. ಅದರ ಎರಡೂ ಪಕ್ಕ ಪೂರಿ ಥರ ಉಬ್ಬಿತ್ತು. ಉಬ್ಬಿದ್ದರಿಂದ ಗೂಡಿನಿಂದ ಈಚೆ ಬರಲೊಲ್ಲದು. ಆತ ಎಳೆಯಲಿಲ್ಲ, ಚುಚ್ಚಲಿಲ್ಲ, ಸ್ಕ್ರೂಗಳನ್ನೆಲ್ಲ ತೆಗೆದು ಡಬ್ಬಿಯನ್ನೇ ಬಿಡಿಸಿ ತೆಗೆದ. ಒಳಗೆ ಸೀಸ ಇದೆ, ಗಂಧಕಾಮ್ಲ ಇದೆ. ಇಂಥದ್ದೊಂದು ಗೊಂಬೆ ಟ್ರಂಕಿನ ಹಿಂದೆ, ಮರದ ಗೊಂಬೆ, ಹಳೇ ಬಟ್ಟೆಗಳ ಪಕ್ಕ, ದಿನಾ ಬಿಸಿಯಾಗುತ್ತಾ ಕೂತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತೆ. ಪಾಪದ ಪೆಟ್ಟಿಗೆ ಮೂರು ವಾರದಿಂದ ಅದನ್ನೇ ಹೇಳ್ತಾ ಇತ್ತು, ನಮಗೆ ತಿಳಿಯೋ ಭಾಷೆ ಅದಕ್ಕೆ ಕೊಟ್ಟಿರಲಿಲ್ಲ.

ನನ್ನ ತಕರಾರು ಇದೇ. ಯುಪಿಎಸ್ ಕೂಗುವುದು ತಪ್ಪಲ್ಲ, ಕೂಗಲೇಬೇಕು. ಆದರೆ ಒಂದೇ ಕುಯ್‌ನಲ್ಲಿ ಕರೆಂಟ್ ಹೋಗಿದೆ, ಲೋಡ್ ಜಾಸ್ತಿ ಆಗಿದೆ, ಬ್ಯಾಟರಿ ಬದಲಿಸಿ ಅಂತ ಮೂರು ವಿಷಯ ಹೇಳಿಸ್ತಾರೆ. ಎಷ್ಟು ಸಲ ಕೂಗಿದರೆ ಏನರ್ಥ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಅದು ಬರೆದಿರೋದು ಡಬ್ಬದೊಳಗಿನ ಇಂಗ್ಲಿಷ್ ಪುಸ್ತಕದಲ್ಲಿ, ಆ ಪುಸ್ತಕ ಮೊದಲನೇ ದಿನವೇ ರದ್ದಿಗೆ ಹೋಗಿರುತ್ತೆ. ಪೆಟ್ಟಿಗೆಯ ಮುಂದೆಯೇ ಕನ್ನಡದಲ್ಲಿ ಎರಡು ಸಾಲು ಬರೆದಿದ್ದರೆ? ಒಂದು ಸ್ಟಿಕ್ಕರ್‌ಗೆ ಎಷ್ಟು ಖರ್ಚಾಗುತ್ತೆ? ಕರ್ನಾಟಕದಲ್ಲಿ ಮಾರುವ ಸಾಮಾನಿಗೆ ಇಷ್ಟು ಕೇಳುವುದು ಜಾಸ್ತಿ ಅಂತ ನನಗನಿಸುವುದಿಲ್ಲ. ಕೂಡಿಸಿ ಹೋಗುವವರೂ ಅಷ್ಟೇ, ಆ ಮನೆಯಲ್ಲಿ ದಿನಾ ಇರುವವರನ್ನು ಕರೆದು, ಇದು ಇಲ್ಲಿದೆ, ಹೀಗೆ ಕೂಗಿದರೆ ಇಂಥದ್ದು ಅಂತ ಒಂದು ಮಾತು ಹೇಳಬೇಕು. ಮಕ್ಕಳಿಗೆ ಹೇಳಿದರೆ ಸಾಲದು, ಮಕ್ಕಳು ಅಲ್ಲಿರಲ್ಲ.

ನಾವು ಊರಿನ ಮನೆಗಳಲ್ಲಿ ಏನೇನು ಇಟ್ಟು ಬಂದಿದ್ದೀವಿ ನೋಡಿ. ಸಿಸಿಟಿವಿ ದೃಶ್ಯ ತುಂಬಿಡುವ ಡಿವಿಆರ್ ಪೆಟ್ಟಿಗೆ ಇಟ್ಟಿದ್ದೀವಿ, ಅದರ ಹಾರ್ಡ್ ಡಿಸ್ಕ್ ಕೆಟ್ಟರೆ ಅದೂ ಕೂಗುತ್ತೆ. ಟ್ಯಾಂಕ್ ತುಂಬಿದರೆ ಕೂಗುವುದೊಂದು, ಗ್ಯಾಸ್ ಸೋರಿದರೆ ಕೂಗುವುದೊಂದು. ಎಲ್ಲವೂ ಅಪ್ಪ ಅಮ್ಮನ ಅನುಕೂಲಕ್ಕೆ ಅಂತಲೇ. ಯಾವುದು ಕೂಗಿದರೆ ಸುಮ್ನೆ ಇರಬಹುದು, ಯಾವುದು ಕೂಗಿದರೆ ಮನೆಯಿಂದ ಹೊರಗೆ ಬರಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಇಟ್ಟ ಪೆಟ್ಟಿಗೆ ಅಮ್ಮನ ನಿದ್ದೆ ಕೆಡಿಸಿತು. ಮೊದಲು ಹೇಳಿದ್ದರೆ ಆಗ್ತಿರಲಿಲ್ಲ.

ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ ದಯವಿಟ್ಟು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆ ಮಾಡಿಸುವುದು ತಯಾರಕರ ಹೊಣೆ, ಮನೆ ಕಸದಿಂದ ಬೇರೆ ಇಡುವುದು ನಮ್ಮ ಹೊಣೆ. ಬ್ಯಾಟರಿ ಅಂಗಡಿಯವರು ಸೀಸಕ್ಕೆ ಬೆಲೆ ಇದೆ ಅಂತ ಸಾಮಾನ್ಯವಾಗಿ ಖುಷಿಯಿಂದಲೇ ತಗೊಳ್ತಾರೆ. ನಾನು ಕೊಟ್ಟು ಬಂದೆ.

ದೊಡ್ಡ ಯುಪಿಎಸ್ ಮತ್ತೆ ಹಾಕಿಸಲಿಲ್ಲ. 12 ವೋಲ್ಟ್ ಬ್ಯಾಟರಿಯಿಂದ 230 ಮಾಡಿ, ಅಡಾಪ್ಟರ್‌ನಲ್ಲಿ ಮತ್ತೆ 12ಕ್ಕೆ ಇಳಿಸಿ, ಹತ್ತು ಹನ್ನೆರಡು ವ್ಯಾಟ್ ಡಬ್ಬಿಗೆ ಅಷ್ಟೆಲ್ಲ ಯಾಕೆ ಬೇಕು? ರೂಟರ್‌ಗೆ ಅಂತಲೇ ಬರುವ ಅಂಗೈಯಗಲದ ಮಿನಿ ಯುಪಿಎಸ್ ತಂದೆ, ನೇರ 12 ವೋಲ್ಟ್ ಕೊಡುತ್ತೆ. ನಾನು ತಂದಿದ್ದರಲ್ಲಿ ಬಜರ್ ಇಲ್ಲ, ದೀಪ ಇದೆ. ಸಜ್ಜಾ ಮೇಲಲ್ಲ, ಟಿವಿ ಪಕ್ಕ, ಅಮ್ಮನ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಿದ್ದೀನಿ.

ಅದಕ್ಕೊಂದು ಚೀಟಿ ಅಂಟಿಸಿದೆ. 'ವಿದ್ಯುತ್ ಸ್ಥಗಿತಗೊಂಡಾಗ' ಅಂತ ಬರೆಯಲು ಹೊರಟಿದ್ದೆ, ಅಮ್ಮ ಬಿಡಲಿಲ್ಲ. ಅವಳೇ ಹೇಳಿ ಬರೆಸಿದಳು: "ಇದು ಇಂಟರ್ನೆಟ್ಟಿನ ಬ್ಯಾಟರಿ. ಕರೆಂಟ್ ಹೋದ ಕೂಡಲೇ ನೆಟ್ ಹೋದರೆ ಬ್ಯಾಟರಿ ಮುಗಿದಿದೆ. ಹೆದರಬೇಡಿ. ಅಂಗಡಿಗೆ ಫೋನ್ ಮಾಡಿ." ಕೆಳಗೆ ದಪ್ಪ ಅಕ್ಷರದಲ್ಲಿ ಅಂಗಡಿಯ ನಂಬರು, ತಂದ ತಾರೀಖು. ವಾಟರ್ ಫಿಲ್ಟರ್‌ಗೂ ಒಂದು ಬೇಕು ಅಂದಿದ್ದಾಳೆ, ಅದೂ ಆಗಾಗ ಕೂಗುತ್ತಂತೆ. ಮುಂದಿನ ಶನಿವಾರ ಹೋದಾಗ ಕೂತು ಕೇಳಬೇಕು.